ವಾಪಸ್ ಬರದ ದೋಣಿಯ ಕಮೋಡೋರ್

ಕೆಂಚವೀರಪ್ಪನವರು ವಿದ್ಯುತ್ ಇಲಾಖೆಯ ಸೆಕ್ಷನ್ ಆಫೀಸರ್ ಕುರ್ಚಿಯಿಂದ ನಿವೃತ್ತರಾದ ಮರುದಿನವೇ ಒಂದು ವಿಚಿತ್ರವನ್ನು ಗಮನಿಸಿದರು. ತಾವು ಬಂದರೆ ಯಾರೂ ಎದ್ದು ನಿಲ್ಲುತ್ತಿಲ್ಲ. ದಾವಣಗೆರೆಯ ಎಸ್.ಎಸ್. ಬಡಾವಣೆಯ ಹಾಲಿನ ಬೂತಿನಲ್ಲಿ ಇಲ್ಲ, ಬೆಣ್ಣೆದೋಸೆ ಹೋಟೆಲಿನಲ್ಲಿ ಇಲ್ಲ, ಮನೆಯಲ್ಲಂತೂ ಮೊದಲಿನಿಂದಲೂ ಇರಲಿಲ್ಲ. ಕರೆಂಟು ಹೋದಾಗ ಬೀದಿಯವರಿಗೆ ಅವರ ನೆನಪಾಗುತ್ತಿತ್ತು. ಕರೆಂಟು ಬಂದ ಕೂಡಲೇ ನೆನಪು ಹೋಗುತ್ತಿತ್ತು.

ಹೀಗೆ ಎರಡು ವರ್ಷ ಕಳೆದ ಮೇಲೆ ಅವರು ಹರಿಹರದ ಹೊಳೆದಂಡೆಯಲ್ಲಿ ಯಾಟ್ ಕ್ಲಬ್ ಸ್ಥಾಪಿಸಿದರು.

ಯಾಟ್ ಕ್ಲಬ್ ಎಂದೊಡನೆ ಬೆಳ್ಳನೆಯ ದೋಣಿಗಳ ಸಾಲೊಂದು ಕಣ್ಣಿಗೆ ಬಂದರೆ ಅದನ್ನು ದಯವಿಟ್ಟು ಅಳಿಸಿಕೊಳ್ಳಬೇಕು. ಕ್ಲಬ್ಬಿಗೆ ಇದ್ದದ್ದು ಒಂದೇ ಹಾಯಿದೋಣಿ. ಯಾವುದೋ ಜಲಾಶಯದ ಪಕ್ಕ ರೆಸಾರ್ಟೊಂದು ಬಾಗಿಲು ಹಾಕಿದಾಗ ಹರಾಜಿನಲ್ಲಿ ಸಿಕ್ಕಿದ್ದು. ಅದರ ಹಾಯಿಯನ್ನು ಇಲಿಗಳು ಅಷ್ಟರಲ್ಲೇ ತಿಂದು ಮುಗಿಸಿದ್ದವು. ಹೊಸ ಹಾಯಿಯನ್ನು ಒದಗಿಸಿದವರು ಹರಿಹರದಲ್ಲಿ ಮದುವೆಗಳಿಗೆ ಶಾಮಿಯಾನ ಹಾಕುವ ಮಸ್ತಾನಸಾಬರು. ಕೆಂಪು ಹಳದಿ ಪಟ್ಟೆ, ಅಂಚಿಗೆ ಝಾಲರು. ದೋಣಿ ಹೊಳೆಗಿಳಿದರೆ ಮದುವೆಯ ಚಪ್ಪರವೊಂದು ವರನನ್ನು ಬಿಟ್ಟು ಓಡಿಹೋಗುತ್ತಿದೆ ಎಂದು ದಂಡೆಯ ಜನ ನಿಂತು ನೋಡುತ್ತಿದ್ದರು. ಈ ಕೊಡುಗೆಗಾಗಿ ಮಸ್ತಾನಸಾಬರನ್ನು ಖಜಾಂಚಿ ಮಾಡಲಾಯಿತು. ದೋಣಿಗೆ ಕೆಂಚವೀರಪ್ಪನವರು ತಮ್ಮ ತಾಯಿಯ ಹೆಸರನ್ನೇ ಇಟ್ಟರು: ಉಚ್ಚೆಂಗೆಮ್ಮ. ತಾಯಿಯೂ ಹಾಗೆಯೇ ಇದ್ದರಂತೆ. ಹೊರಟರೆ ಹೊರಟರು, ಯಾರು ಹೇಳಿದರೂ ತಿರುಗುತ್ತಿರಲಿಲ್ಲ.

ಸಂಸ್ಥಾಪಕರು ತಾವೇ ಆದ್ದರಿಂದ ಕಮೋಡೋರ್, ಅಂದರೆ ಕ್ಲಬ್ಬಿನ ಮುಖ್ಯಸ್ಥ, ಎಂಬ ಹುದ್ದೆಯೂ ತಮಗೇ ಬಂತು. ಬಿಳಿ ಕೋಟು, ಚಿನ್ನದ ಬಣ್ಣದ ಲಂಗರು ಹೊಲಿದ ಬಿಳಿ ಟೋಪಿ. ಹೊಲಿದವನು ಮದುವೆ ಬ್ಯಾಂಡಿನವರಿಗೆ ಉಡುಪು ಹೊಲಿಯುವ ದರ್ಜಿ. ಭುಜದ ಕುಚ್ಚು ಬೇಡವೆಂದರೂ ಅಭ್ಯಾಸಬಲದಿಂದ ಹಚ್ಚಿಬಿಟ್ಟಿದ್ದ. ಆ ವೇಷದಲ್ಲಿ ಕಮೋಡೋರರು ಬೀಗರ ಕಡೆಯ ಮದುವೆಯೊಂದಕ್ಕೆ ಹೋದಾಗ ಹುಡುಗಿಯ ಸೋದರಮಾವ ಬಂದು, "ಊಟ ಆಮ್ಯಾಲೆ ಮಾಡ್ರಿ, ಮೊದ್ಲು ಒಂದ್ ಹಾಡು ಊದ್ರಿ" ಎಂದ. ಅಂದಿನಿಂದ ಕೋಟು ಹೊಳೆದಂಡೆ ಬಿಟ್ಟು ಆಚೆ ಬರಲಿಲ್ಲ. ಟೋಪಿ ಮಾತ್ರ ತಲೆ ಬಿಟ್ಟು ಕೆಳಗಿಳಿಯಲಿಲ್ಲ.

ಕ್ಲಬ್ಬಿನ ಭಾನುವಾರ ಹೀಗಿರುತ್ತಿತ್ತು. ಬೆಳಿಗ್ಗೆ ದಂಡೆಯಲ್ಲಿ ಶಾಮಿಯಾನದ ಜಮಖಾನ ಹಾಸಿ ಸಭೆ. ಸಭೆಯಲ್ಲಿ ಹಿಂದಿನ ಸಭೆಯ ಬಗ್ಗೆ ಚರ್ಚೆ. ಬಳಿಕ ಕಮೋಡೋರರು ಇಬ್ಬರು ಸದಸ್ಯರೊಂದಿಗೆ ದೋಣಿ ಏರುವರು. ಪಡುವಣ ಗಾಳಿ ಹಿಂದಿನಿಂದ ತಳ್ಳುವುದು, ಹೊಳೆಯ ಸೆಳವು ಕೆಳಗಿನಿಂದ ಎಳೆಯುವುದು, ಉಚ್ಚೆಂಗೆಮ್ಮ ಝಾಲರು ಬೀಸುತ್ತ ಹೊರಡುವಳು. ಮೂರು ಮೈಲಿ ಕೆಳಗೆ ಆಲದಮರದ ದಂಡೆ. ಉಳಿದವರೆಲ್ಲ ರಿಯಾಜ್‌ನ ಟೆಂಪೋ ಹತ್ತಿ ಅಲ್ಲಿಗೆ ಮೊದಲೇ ಹೋಗಿ ಕಾಯುವರು. ಕಮೋಡೋರರ ಪತ್ನಿ ನೇತ್ರಾವತಿಯವರು ಅಲ್ಲಿ ಎಣ್ಣೆ ಕಾಯಿಸಿ ಮಿರ್ಚಿ ಬಿಡುವರು. ಮಂಡಕ್ಕಿ, ಮಿರ್ಚಿ, ಚಹಾ, ಊರ ಸುದ್ದಿ, ಮತ್ತೊಮ್ಮೆ ಮಿರ್ಚಿ. ಆಮೇಲೆ ದೋಣಿಯನ್ನು ಎಲ್ಲರೂ ಸೇರಿ "ಹೈಸಾ" ಎಂದು ಟೆಂಪೋಕ್ಕೆ ಏರಿಸಿ ವಾಪಸ್ ತರುವರು.

ಏಕೆಂದರೆ ದೋಣಿಗೆ ಹೋಗಲು ಬರುತ್ತಿತ್ತು, ಬರಲು ಬರುತ್ತಿರಲಿಲ್ಲ. ಗಾಳಿಗೂ ಸೆಳವಿಗೂ ಎದುರಾಗಿ ಅದನ್ನು ತರುವ ವಿದ್ಯೆ ಕ್ಲಬ್ಬಿನಲ್ಲಿ ಯಾರಿಗೂ ತಿಳಿಯದು. ಈಜು ಬರುತ್ತಿದ್ದವನು ರಿಯಾಜ್ ಒಬ್ಬನೇ. ಅವನು ದೋಣಿ ಹತ್ತುತ್ತಿರಲಿಲ್ಲ. ಆಯುಧಪೂಜೆಯ ದಿನ ನಿಂಬೆಹಣ್ಣು ಇಡಲು ದೋಣಿಗೆ ಗಾಲಿ ಇಲ್ಲವಲ್ಲ ಎಂಬ ಪ್ರಶ್ನೆ ಎದ್ದಾಗ ಟೆಂಪೋದ ಗಾಲಿಗಳಿಗೇ ಇಟ್ಟರು. ಯಾರಿಗೂ ಅದು ತಪ್ಪೆನಿಸಲಿಲ್ಲ.

ತಪ್ಪೆನಿಸಿದ್ದು ವೈಸ್ ಕಮೋಡೋರ್ ಅಂಜನ್ ಕುಮಾರನಿಗೆ. ಆತ ದಾವಣಗೆರೆಯ ಸುತ್ತ ಸೈಟು ಮಾರುವವನು. ಖಾಲಿ ಹೊಲದ ನಡುವೆ ನಿಂತು "ಇಲ್ಲೇ ಪಾರ್ಕ್ ಬರ್ತೈತೆ" ಎಂದು ಕೈ ತೋರಿಸಿ ತೋರಿಸಿ ದೂರದೃಷ್ಟಿ ಬೆಳೆಸಿಕೊಂಡಿದ್ದ. ಅವನ ದೃಷ್ಟಿ ಕೆಲವು ತಿಂಗಳಿಂದ ಆ ಬಿಳಿ ಟೋಪಿಯ ಮೇಲೆ ಬಿದ್ದಿತ್ತು. ದೀಪಾವಳಿಗೆ ಮುಂಚಿನ ವಾರ್ಷಿಕ ಸಭೆಯಲ್ಲಿ ಎದ್ದು ನಿಂತ.

"ಕಮೋಡೋರ್ ಸಾರ್, ಬೇಜಾರ್ ಮಾಡ್ಕೋಬ್ಯಾಡ್ರಿ. ನಾವು ಯಾಟ್ ಕ್ಲಬ್ಬೋ ಟೆಂಪೋ ಸ್ಟ್ಯಾಂಡೋ? ದೋಣಿ ಹಾಯಿ ಏರಿಸ್ಕೊಂಡು ವಾಪಸ್ ಈ ದಂಡಿಗೆ ಬಂದಿದ್ದು ಒಂದ್ ಸಲನಾದ್ರೂ ಐತಾ?"

"ಬರ್ತೈತೆ ಬರ್ತೈತೆ, ಅದಕ್ಕೊಂದು ಟೆಕ್ನಿಕ್ ಐತೆ" ಎಂದರು ಕೆಂಚವೀರಪ್ಪನವರು.

"ಹಂಗಾರ ಕಾರ್ತಿಕ ಮುಗಿಯೋದ್ರಾಗೆ ತೋರ್ಸಿಬಿಡ್ರಿ. ಹಾಯಿಯಿಂದಾನೇ ದೋಣಿ ಇಲ್ಲಿಗೆ ಬಂದ್ರೆ ಟೋಪಿ ನಿಮ್ ತಲಿ ಮ್ಯಾಲೆ. ಇಲ್ಲಾಂದ್ರೆ ನನ್ ತಲಿ ಮ್ಯಾಲೆ. ಆಗಬೌದಾ?"

ಸೆಕ್ಷನ್ ಆಫೀಸರಾಗಿದ್ದವರು "ಆಗಲ್ಲ" ಎಂದು ಹೇಳಿದ ದಾಖಲೆ ಇಲ್ಲ. ಅವರು "ನೋಡೋಣ" ಎನ್ನುತ್ತಾರೆ. ಆದರೆ ಅಂದು ಎಲ್ಲರೂ ಮುಖವನ್ನೇ ನೋಡುತ್ತಿದ್ದರಿಂದ ಬಾಯಿ ತಪ್ಪಿ "ಆಗಬೌದು" ಎಂದುಬಿಟ್ಟರು.

ಅಂದು ರಾತ್ರಿಯಿಂದ ಮನೆಯಲ್ಲಿ ನೌಕಾಶಿಕ್ಷಣ ಶುರುವಾಯಿತು. ಮೊಬೈಲಿನಲ್ಲಿ ಯಾವುದೋ ದೇಶದ ಕೆಂಪು ಗಡ್ಡದವನೊಬ್ಬ, ಎದುರುಗಾಳಿಗೆ ಓರೆಯಾಗಿ ಅತ್ತ ಒಮ್ಮೆ ಇತ್ತ ಒಮ್ಮೆ ದೋಣಿ ನಡೆಸುವುದನ್ನು ತೋರಿಸುತ್ತಿದ್ದ. ಕೆಂಚವೀರಪ್ಪನವರು ಪರಾತದಲ್ಲಿ ನೀರು ತುಂಬಿ, ಬೆಂಕಿಪೊಟ್ಟಣಕ್ಕೆ ಕಾಗದದ ಹಾಯಿ ಹಚ್ಚಿ, ಟೇಬಲ್ ಫ್ಯಾನಿನ ಮುಂದೆ ಇಟ್ಟರು. ಬೆಂಕಿಪೊಟ್ಟಣ ನೇರವಾಗಿ ಹೋಗಿ ಪರಾತದ ಅಂಚಿಗೆ ಬಡಿದು ಮುಳುಗಿತು.

"ಏನ್ರಿ, ಅನ್ನ ಆರ್ತೈತೆ. ಆ ಫ್ಯಾನ್ ಆರ್ಸಿ ಊಟಕ್ಕೆ ಬರ್ರಿ" ಎಂದರು ನೇತ್ರಾವತಿ. "ಟೋಪಿ ಹೋದ್ರೆ ತಲಿ ಏನ್ ಹೋಗಲ್ಲ."

ಹಾಗೆ ಹೇಳುವುದು ಸುಲಭ. ಟೋಪಿ ಹೋದರೆ ಮತ್ತೆ ತಾವು ಹಾಲಿನ ಬೂತಿನ ಸಾಲಿನಲ್ಲಿ ನಿಂತ ಒಬ್ಬ ಮುದುಕ ಮಾತ್ರ ಎಂಬುದು ಕೆಂಚವೀರಪ್ಪನವರಿಗೆ ಚೆನ್ನಾಗಿ ಗೊತ್ತಿತ್ತು. ಅಂದು ಅನ್ನ ಸೇರಲಿಲ್ಲ.

ದೀಪಾವಳಿ ಕಳೆದ ಮೊದಲ ಭಾನುವಾರ ಪರೀಕ್ಷೆ. ಕಮೋಡೋರರು ಒಬ್ಬರೇ ದೋಣಿ ಏರಿದರು. ಕೆಳಗಿನ ಆಲದಮರ ಮುಟ್ಟಿ, ಅಲ್ಲಿಂದ ಹಾಯಿಯಲ್ಲೇ ತಿರುಗಿ ಬರಬೇಕು. ಅವರು ತಿರುಗಿ ಬರುತ್ತಾರೆಂಬ ನಂಬಿಕೆ ಒಬ್ಬರಿಗಾದರೂ ಇದ್ದಿದ್ದರೆ ಆ ಒಬ್ಬರು ದಂಡೆಯಲ್ಲಿ ಉಳಿಯುತ್ತಿದ್ದರು. ಯಾರೂ ಉಳಿಯಲಿಲ್ಲ. ಅಂಜನ್ ಕುಮಾರನೂ ಮಸ್ತಾನಸಾಬರೂ ಧರ್ಮಪತ್ನಿಯೂ, ಎಲ್ಲರೂ ದೋಣಿ ಹೊರಡುವ ಮೊದಲೇ ಟೆಂಪೋ ಹತ್ತಿ, ಎಣ್ಣೆಯ ಡಬ್ಬಿ ಸಮೇತ ಆಲದಮರಕ್ಕೆ ಹೋಗಿ ಕೂತರು.

ದೋಣಿ ಸೆಳವಿನಲ್ಲಿ ಮೆಲ್ಲಗೆ ತೇಲುತ್ತ ಸಾಗಿತು. ಹಾಯಿ ಜೋತುಬಿದ್ದಿತ್ತು. ಹೊಳೆಯ ತಿರುವು ಬರುತ್ತಲೇ ಗಾಳಿ ಎದ್ದಿತು. ಆದರೆ ಎಂದಿನಂತೆ ಬೆನ್ನಿಗೆ ಬೀಸದೆ ಮುಖಕ್ಕೆ ಬೀಸಿತು. ಹಾಯಿ ಪಟಪಟ ಬಡಿದು ಹಿಂದುಮುಂದಾಯಿತು, ದೋಣಿ ಗಿರ್ರನೆ ತಿರುಗಿತು. ಕೆಂಚವೀರಪ್ಪನವರು ಕೆಂಪು ಗಡ್ಡದವನನ್ನು ನೆನೆದು ಒಂದು ಹಗ್ಗ ಎಳೆದರು, ಇನ್ನೊಂದು ಬಿಟ್ಟರು. ದೋಣಿ ಅದಾವುದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳದೆ, ಸಂಜೆಯ ಹೊತ್ತು ಕೊಟ್ಟಿಗೆಗೆ ಹೊರಟ ಎಮ್ಮೆಯ ಹಾಗೆ, ನೆಟ್ಟಗೆ ಕ್ಲಬ್ಬಿನ ದಂಡೆಗೆ ಬಂದು ಕಲ್ಲಿಗೆ ಮೂತಿ ಇಟ್ಟು ನಿಂತಿತು.

ದಂಡೆಯಲ್ಲಿ ಇದ್ದವಳು ಬಟ್ಟೆ ಒಗೆಯಲು ಬಂದು ಕೌದಿ ತುಳಿಯುತ್ತಿದ್ದ ಮಾಬೂಬಿ ಒಬ್ಬಳೇ.

"ನೋಡಿದೇನವ್ವ ಮಾಬೂಬಿ? ಬಂದೆ! ಹಾಯಿಯಾಗೇ ಬಂದೆ!"

"ಬಂದಿದ್ದು ಒಳ್ಳೇದಾತು ಬ್ಯಾಂಡಿನ್ ಸಾಹೇಬ್ರ. ಸ್ವಲ್ಪ ಆಕಡೆ ಸರೀರಿ, ಕೌದಿಗೆ ಕೆಸರು ಸಿಡಿತೈತೆ."

ಅವರು ಫೋನ್ ಮಾಡಿದರು. ಆಲದಮರದಲ್ಲಿ ಯಾರೂ ನಂಬಲಿಲ್ಲ. "ಯಾವ ಜಾಲಿ ಮುಳ್ಳಿಗೆ ಸಿಕ್ಕೊಂಡೀರಿ, ಲೊಕೇಶನ್ ಕಳ್ಸ್ರಿ ಸಾರ್" ಎಂದ ಅಂಜನ್ ಕುಮಾರ. ಕೊನೆಗೆ ಎಲ್ಲರೂ ಟೆಂಪೋದಲ್ಲಿ ಬಂದರು. ಕ್ಲಬ್ಬಿನ ಇತಿಹಾಸದಲ್ಲಿ ಮೊದಲ ಬಾರಿಗೆ ಟೆಂಪೋ ದೋಣಿಯಿಲ್ಲದೆ ಬಂದಿತ್ತು. ದಂಡೆಯಲ್ಲಿ ಉಚ್ಚೆಂಗೆಮ್ಮ, ಪಕ್ಕದಲ್ಲಿ ಎದೆ ಸೆಟೆಸಿದ ಕಮೋಡೋರ್.

ಅಂಜನ್ ಕುಮಾರ ದೋಣಿಯನ್ನು ಒಂದು ಸುತ್ತು ಹಾಕಿ ನೋಡಿದ. "ಸಾರ್, ಬರಬೇಕಂದ್ರ ಮೊದ್ಲು ಹೋಗಿರಬೇಕು. ಆಲದಮರಕ್ಕಂತೂ ನೀವು ಬರ್ಲಿಲ್ಲ. ಇಲ್ಲಿಂದ ಹೊಂಟಿದ್ದಾದ್ರೂ ಯಾರ್ ನೋಡ್ಯಾರ?"

ಎಲ್ಲರೂ ಮಾಬೂಬಿಯ ಕಡೆ ತಿರುಗಿದರು.

"ಬಂದಿದ್ದು ನೋಡೀನಿ. ಹೋಗಿದ್ದು ನೋಡಿಲ್ಲಪ್ಪ. ನಾ ಬರೋದ್ರಾಗ ಇಲ್ಲಿ ಯಾರೂ ಇರ್ಲಿಲ್ಲ" ಎಂದಳು ಮಾಬೂಬಿ.

"ಅಲ್ಲೇ ಎಲ್ಲೋ ಬಳ್ಳಿ ಮರೆಯಾಗೆ ಇದ್ದು ಬಂದಿರಬೌದು" ಎಂದು ಅಂಜನ್ ಕುಮಾರ ತೀರ್ಪಿತ್ತ. "ಕಾರ್ತಿಕ ಇನ್ನೂ ಐತೆ, ಬರೋ ಭಾನುವಾರ ನೋಡೋಣ ಬಿಡ್ರಿ. ಎಲ್ಲರ ಮುಂದ ತೋರ್ಸ್ರಿ."

ಮಿರ್ಚಿ ತಣ್ಣಗಾಗಿತ್ತು. ಅದೊಂದು ನೋವು ಬೇರೆ.

ಮನೆಗೆ ಬಂದ ಮೇಲೆ ನೇತ್ರಾವತಿ ಕೇಳಿದರು, "ನಿಜ ಹೇಳ್ರಿ, ಹೆಂಗೆ ತಿರುಗಿಸಿದ್ರಿ?"

ಕೆಂಚವೀರಪ್ಪನವರು ಸುತ್ತಲೂ ನೋಡಿ ದನಿ ತಗ್ಗಿಸಿದರು. "ನಾನೆಲ್ಲಿ ತಿರುಗಿಸ್ದೆ? ಅದೇ ತಿರುಗ್ತು."

ನೇತ್ರಾವತಿಯವರು ಸೆರಗು ಬಾಯಿಗಿಟ್ಟು ನಕ್ಕದ್ದು ಮಲಗುವ ತನಕ ನಿಲ್ಲಲಿಲ್ಲ.

ಎರಡು ದಿನ ಕಮೋಡೋರರು ಮತ್ತೆ ಪರಾತ, ಫ್ಯಾನು ಹಿಡಿದು ಕೂತರು. ಮೂರನೆಯ ದಿನ ಬೆಳಿಗ್ಗೆ ತಾರಸಿಯ ಮೇಲೆ ಕಾಫಿ ಹಿಡಿದು ಕೂತಿದ್ದರು. ಪಕ್ಕದಲ್ಲಿ ನೇತ್ರಾವತಿ ಮೊರದಲ್ಲಿ ಕಡಲೆ ಕೇರುತ್ತಿದ್ದರು. ಸಿಪ್ಪೆಯೆಲ್ಲ ಹಾರಿ ಬಂದು ಕಾಫಿಯೊಳಗೆ ಬಿತ್ತು.

"ದಿನಾ ಅಲ್ಲೇ ಕೂತು ಕೇರ್ತಿ, ಇವತ್ತೇನು ನನ್ ಕಾಫಿ ಮ್ಯಾಲೆ ಕಣ್ಣು?" ಎಂದು ಸಿಡುಕಿದರು.

"ನಾ ಅಲ್ಲೇ ಕೂತೀನಿ. ಗಾಳಿ ಈಕಡೆಯಿಂದ ಬರಾಕ ಹತ್ತೈತೆ. ಜಾಗ ಬದಲಾಯಿಸೋರು ನೀವು."

ಕೆಂಚವೀರಪ್ಪನವರು ಜಾಗ ಬದಲಾಯಿಸಲು ಎದ್ದರು. ಎದ್ದವರು ಕಾಫಿ ಲೋಟ ಹಿಡಿದು ಹಾಗೇ ನಿಂತರು. ಹುಟ್ಟೂರು ಕುಕ್ಕುವಾಡದ ಕಣ ನೆನಪಿಗೆ ಬಂತು. ಅಪ್ಪ ಎತ್ತರದ ಮೆಟ್ಟುಗಾಲಿನ ಮೇಲೆ ನಿಂತು ಭತ್ತ ತೂರುತ್ತಿದ್ದ. ದೀಪಾವಳಿ ಕಳೆದರೆ ಮೂಡಗಾಳಿ. ಬೆನ್ನು ಮೂಡಲಿಗೆ ಕೊಟ್ಟು ಮೊರ ಎತ್ತಬೇಕು, ಜೊಳ್ಳೆಲ್ಲ ಪಡುವಣಕ್ಕೆ ಹಾರುತ್ತದೆ. ಹುಡುಗ ಕೆಂಚವೀರ ಪ್ರತಿ ವರ್ಷ ತಪ್ಪು ದಿಕ್ಕಿಗೆ ನಿಂತು ಕಣ್ಣಿಗೆ ಹೊಟ್ಟು ತುಂಬಿಸಿಕೊಂಡು ಅಳುತ್ತಿದ್ದ. ಆ ಗಾಳಿಯನ್ನು ಮೂವತ್ತು ವರ್ಷದ ಸರ್ಕಾರಿ ಫ್ಯಾನು ಮರೆಸಿಬಿಟ್ಟಿತ್ತು. ಮಾಗಿ ಮುಗಿಯುವ ತನಕ ಈ ಗಾಳಿ ಕೆಳಗಿನ ಆಲದಮರದ ಕಡೆಯಿಂದಲೇ ಕ್ಲಬ್ಬಿನ ಕಡೆಗೆ ಬೀಸುತ್ತದೆ!

"ನೇತ್ರಾ, ಮಿರ್ಚಿಗೆ ಹಿಟ್ಟು ಜಾಸ್ತಿ ಕಲಸು ಭಾನುವಾರ" ಎಂದರು. ಕಾಫಿಯನ್ನು ಸಿಪ್ಪೆ ಸಮೇತ ಕುಡಿದರು.

ಭಾನುವಾರ ಸದಸ್ಯರೆಲ್ಲ ದಂಡೆಯಲ್ಲಿ ನೆರೆದರು. ಈ ಸಲ ಹೋಗುವುದನ್ನೂ ಕಣ್ಣಾರೆ ನೋಡುವ ಏರ್ಪಾಡು. ಕಮೋಡೋರರು ಕುಚ್ಚಿನ ಕೋಟು ತೊಟ್ಟು ಬಂದು, ಹೊಳೆಯ ಕಡೆ ನೋಡದೆ ನೇರ ರಿಯಾಜ್‌ನ ಬಳಿ ಹೋದರು.

"ಏರ್ಸಪ್ಪ ದೋಣಿನ."

"ಎಲ್ಲಿಗೆ ಸಾರ್?"

"ನಿನ್ ಟೆಂಪೋಕ್ಕೆ. ಆಲದಮರಕ್ಕೆ ನಡಿ."

ಅಂಜನ್ ಕುಮಾರ ಹಾರಿಬಿದ್ದ. "ಇದೇನ್ ಸಾರ್ ಮೋಸ! ಹೋಗೋದು ಟೆಂಪೋದಾಗಾ?"

"ಹಾಯಿಯಿಂದ ವಾಪಸ್ ಬರಬೇಕು ಅಂದಿ. ಹೋಗೋದ್ರ ಮಾತು ಎತ್ತಿದ್ಯಾ?"

ಎಲ್ಲರೂ ಮಸ್ತಾನಸಾಬರನ್ನು ನೋಡಿದರು. ಐವತ್ತು ವರ್ಷ ಎರಡೂ ಕಡೆಯ ಬೀಗರ ಜಗಳ ಕೇಳಿದ ಶಾಮಿಯಾನದವರು ಗಡ್ಡ ಸವರಿಕೊಂಡರು. "ಅಂಜನ್ ಭಾಯ್, ಇಷ್ಟ್ ದಿನ ಬರೋದು ಟೆಂಪೋದಾಗೆ ಬಂತು, ಯಾರೂ ಕೇಳ್ಲಿಲ್ಲ. ಈಗ ಹೋಗೋದು ಟೆಂಪೋದಾಗೆ ಹೋಗ್ಲಿ ಬಿಡ್ರಿ. ನೀವೇ ದೋಣಿಯಾಗೆ ಜೊತಿಗೆ ಕೂತು ಬರ್ರಿ, ಸಾಕ್ಷಿ ಆತು."

ಮಿರ್ಚಿ ಅಂದು ಆಲದಮರದಡಿ ಬಿಸಿಬಿಸಿಯಾಗಿ ಮೊದಲೇ ಮುಗಿಯಿತು. ಕ್ಲಬ್ಬಿನ ನಿಯಮದಲ್ಲಿ ಇದೊಂದು ಸುಧಾರಣೆ ಎಂದು ಹಲವರಿಗೆ ಅನಿಸಿತು. ಬಳಿಕ ಸದಸ್ಯರು ಖಾಲಿ ಟೆಂಪೋ ಹತ್ತಿ ಮುಂದೆ ಹೋಗಿ, ಕ್ಲಬ್ಬಿನ ದಂಡೆಯ ನೀರಂಚಿಗೆ ಜಮಖಾನ ಹಾಸಿ, ಹೊಟ್ಟೆ ಭಾರವಾಗಿ, ಕಾಲು ಚಾಚಿ ಕೂತರು.

ಇತ್ತ ಆಲದಮರದಲ್ಲಿ ಹಾಯಿ ಮೇಲೇರಿತು. ಮೂಡಗಾಳಿ ಝಾಲರಿನೊಳಗೆ ತುಂಬಿತು. ಸೆಳವು ಕಾರ್ತಿಕದ ನೀರಿನಲ್ಲಿ ಕಡಿಮೆಯಾಗಿತ್ತು. ಉಚ್ಚೆಂಗೆಮ್ಮ ಹೊಳೆಯ ಮೇಲ್ಮುಖವಾಗಿ ಹೊರಟಳು. ಕೆಂಚವೀರಪ್ಪನವರು ಬೆನ್ನನ್ನು ಮೂಡಲ ಗಾಳಿಗೆ ಕೊಟ್ಟು, ಕಣದಲ್ಲಿ ಅಪ್ಪ ನಿಂತಂತೆ, ಟೋಪಿ ಒತ್ತಿ ಹಿಡಿದು ನಿಂತರು. ಅಂಜನ್ ಕುಮಾರ ಎರಡೂ ಕೈಯಲ್ಲಿ ದೋಣಿಯ ಅಂಚು ಹಿಡಿದು ಕೂತಿದ್ದ. ತನಗೆ ಈಜು ಬಾರದೆಂಬುದು ಅವನಿಗೆ ಆಗ ತಾನೇ ನೆನಪಾಗಿತ್ತು.

"ಸಾರ್, ಒಪ್ಪಿದೆ, ಟೋಪಿ ನಿಮ್ಮದೇ. ದಂಡಿ ಬಂತು, ಈಗ ನಿಲ್ಲಿಸ್ರಿ" ಎಂದ.

"ನಿಲ್ಸೋದು..." ಎಂದರು ಕಮೋಡೋರರು.

ಕೆಂಪು ಗಡ್ಡದವನ ವಿಡಿಯೋದಲ್ಲಿ ಅದು ಮುಂದಿನ ಪಾಠವಾಗಿತ್ತು. ಅವರು ಅಲ್ಲಿಯವರೆಗೆ ನೋಡಿರಲಿಲ್ಲ.

ಕೆಂಪು ಹಳದಿ ಚಪ್ಪರ ನೆಟ್ಟಗೆ ತಮ್ಮ ಮೇಲೆಯೇ ಬರುತ್ತಿರುವುದು ದಂಡೆಯವರಿಗೆ ಕಾಣಿಸಿತು. ಮಸ್ತಾನಸಾಬರು ಎದ್ದರು. ನೇತ್ರಾವತಿ ಎಣ್ಣೆಯ ಬಾಣಲೆ ಎತ್ತಿಕೊಂಡು ಎದ್ದರು. ಮಾಬೂಬಿ ಕೌದಿ ಹೆಗಲಿಗೆ ಹಾಕಿಕೊಂಡು ಎದ್ದಳು. ಹೊಟ್ಟೆ ಭಾರವಾಗಿದ್ದ ಸದಸ್ಯರೆಲ್ಲ ಒಬ್ಬರನ್ನೊಬ್ಬರು ಹಿಡಿದುಕೊಂಡು ದಡಬಡ ಎದ್ದು ನಿಂತರು.

ಕೆಂಚವೀರಪ್ಪನವರ ಕಣ್ಣಿಗೆ ಕಂಡದ್ದು ಇಷ್ಟೇ: ತಾವು ಬರುತ್ತಿದ್ದೇವೆ, ಇಡೀ ದಂಡೆ ಎದ್ದು ನಿಂತಿದೆ.

ದೋಣಿ ದಂಡೆಗೆ ಗುದ್ದಿ, ಕೆಸರಿನ ಮೇಲೆ ಸರ್ರನೆ ಜಾರಿ, ಜಮಖಾನದ ಅಂಚಿಗೆ ಏರುತ್ತಿದ್ದಾಗ ಅವರು ಒಂದು ಕೈಯಿಂದ ಟೋಪಿ ಹಿಡಿದು, ಇನ್ನೊಂದು ಕೈಯನ್ನು ದೊಡ್ಡ ಮನಸ್ಸಿನಿಂದ ಬೀಸಿ ಹೇಳಿದರು:

"ಕೂಡ್ರಿ, ಕೂಡ್ರಿ."