ಎಂಟು ಜನ ಎತ್ತಿ ಹಿಡಿದ ಬಟ್ಟೆ

ಹೊಲಿಗೆಯಮ್ಮನ ಎಡಗೈ ಬಲಗೈಗಿಂತ ದಪ್ಪವಾಗಿತ್ತು. ಮಣಿಕಟ್ಟಿನ ಹತ್ತಿರ ಅಷ್ಟಾಗಿ ಗೊತ್ತಾಗುತ್ತಿರಲಿಲ್ಲ. ಮೊಣಕೈ ದಾಟಿದ ಮೇಲೆ ವ್ಯತ್ಯಾಸ ಕಾಣುತ್ತಿತ್ತು. ಬಲಗೈಗೆ ಒಂದು ತೆಳುವಾದ ಬಳೆ ಇತ್ತು, ಎಡಗೈ ಯಾವಾಗಲೂ ಬರಿದು. ತಮ್ಮ ರವಿಕೆಯ ಎಡತೋಳನ್ನು ಅವರು ಒಂದು ಬೆರಳಗಲ ಸಡಿಲವಾಗಿ ಹೊಲಿದುಕೊಳ್ಳುತ್ತಿದ್ದರು. ಮೆಷಿನ್ನಿನ ಚಕ್ರ ತಿರುಗಿಸಿ ತಿರುಗಿಸಿ ಕೈ ಹಾಗಾಗಿದೆ ಎಂದು ನಮ್ಮ ಬೀದಿಯ ಹೆಂಗಸರು ತೀರ್ಮಾನಿಸಿದ್ದರು. ಹೊಲಿಗೆ ಮೆಷಿನ್ನಿನ ಚಕ್ರ ಇರುವುದು ಬಲಗಡೆ. ನಾನು ಇದನ್ನು ಗಮನಿಸಿದ್ದೆ. ಯಾರಿಗೂ ಹೇಳಿರಲಿಲ್ಲ.

ಐವತ್ತರ ದಶಕ ಮುಗಿಯುತ್ತಿದ್ದ ಕಾಲ. ಲಷ್ಕರ್ ಮೊಹಲ್ಲಾದಲ್ಲಿ ಇಗರ್ಜಿಯ ಗಂಟೆ ಕೇಳಿಸುವಷ್ಟು ದೂರದ ಒಂದು ಬೀದಿಯಲ್ಲಿ ನಮ್ಮ ಮನೆಯಿತ್ತು, ಅದರಿಂದ ನಾಲ್ಕು ಮನೆ ಆಚೆ ಅವರದು. ಗಂಡ ತೀರಿಕೊಂಡು ಬಹಳ ವರ್ಷವಾಗಿತ್ತು, ಮಕ್ಕಳಿರಲಿಲ್ಲ. ಮುಂದಿನ ಕೋಣೆಯಲ್ಲಿ ಮೆಷಿನ್ನು, ಗೋಡೆಯ ಮೇಲೆ ಒಂದು ಶಿಲುಬೆ, ಹೆಂಚಿನ ನಡುವೆ ಕೂರಿಸಿದ ಒಂದು ಗಾಜಿನ ಹೆಂಚಿನಿಂದ ಬೀಳುವ ಚೌಕಾಕಾರದ ಬಿಸಿಲು. ಬೀದಿಯ ಎಲ್ಲ ಹೆಂಗಸರ ಅಳತೆಗಳೂ ಅವರ ಪುಸ್ತಕದಲ್ಲಿದ್ದವು. ಅವರ ಅಳತೆಯನ್ನು ಮಾತ್ರ ಯಾರೂ ತೆಗೆದುಕೊಂಡಿರಲಿಲ್ಲ.

ನನ್ನ ಅವ್ವ ಇಲವಾಲದ ಕಡೆಯ ರೈತರ ಮನೆಯ ಹೆಣ್ಣು. ಮೂವತ್ತು ದಾಟುವವರೆಗೆ ಗದ್ದೆಯಲ್ಲಿ ಪೈರು ನೆಟ್ಟು, ಕಳೆ ಕಿತ್ತು ಬೆಳೆದ ಮೈ. ಅಪ್ಪನಿಗೆ ಕಚೇರಿಯಲ್ಲಿ ಗುಮಾಸ್ತೆ ಕೆಲಸ ಸಿಕ್ಕಿ ನಾವು ಮೈಸೂರಿಗೆ ಬಂದ ಮೇಲೆ ಆ ಮೈ ನಿಧಾನವಾಗಿ ಬಿಗಿಯಿತು. "ನಲ್ಲಿ ತಿರುಗಿಸಿದ್ರೆ ನೀರು, ಮಿಲ್ಲಿಗೆ ಕಳಿಸಿದ್ರೆ ಹಿಟ್ಟು. ಕೈಗೇನು ಕೆಲ್ಸ ಐತೆ ಬುಡು," ಎನ್ನುತ್ತಿದ್ದಳು. ನಲವತ್ತೆಂಟನೆಯ ವಯಸ್ಸಿನಲ್ಲಿ ಅವಳ ಬಲಗೈ ಎದೆಯ ಮಟ್ಟಕ್ಕೆ ನಿಂತಿತು. ಅಲ್ಲಿಂದ ಮೇಲೆ ಒಂದು ಅಂಗುಲವೂ ಹೋಗುತ್ತಿರಲಿಲ್ಲ.

ದಿನಾ ಬೆಳಿಗ್ಗೆ ಬಾಗಿಲು ಹಾಕಿಕೊಂಡು ನಾನು ಅವಳಿಗೆ ರವಿಕೆ ತೊಡಿಸುತ್ತಿದ್ದೆ, ತಲೆ ಬಾಚಿ ತುರುಬು ಕಟ್ಟುತ್ತಿದ್ದೆ. ಮನೆಯಲ್ಲಿ ಅಪ್ಪ ಮತ್ತು ಇಬ್ಬರು ಅಣ್ಣಂದಿರು. ಇದನ್ನು ಅವರಿಗೆ ಹೇಳುವ ಹೆಂಗಸಲ್ಲ ಅವ್ವ. ಒಮ್ಮೆ ನಾನು ಜ್ವರದಿಂದ ಮಲಗಿದ್ದಾಗ ಅವಳು ಬಿಚ್ಚುಗೂದಲಿನ ಮೇಲೆ ಸೆರಗು ಹೊದ್ದು ಇಡೀ ದಿನ ಅಡುಗೆಮನೆಯಿಂದ ಹೊರಗೇ ಬರಲಿಲ್ಲ.

ನನ್ನ ಎಂ.ಎಸ್ಸಿ. ಮುಗಿದ ಮರುವರ್ಷದ ಫೆಬ್ರವರಿಯಲ್ಲಿ ಶಿವಮೊಗ್ಗೆಯ ಒಂದು ಕಾಲೇಜಿನಿಂದ ಕಾಗದ ಬಂತು. ಸಸ್ಯಶಾಸ್ತ್ರದ ಅಧ್ಯಾಪಕಿಯ ಕೆಲಸ, ಜೂನ್ ಕೊನೆಗೆ ಸೇರಬೇಕು. ಮೊದಲ ಸಂತೋಷದಲ್ಲಿ ನಾಲ್ಕು ರವಿಕೆಗೆ ಬಟ್ಟೆ ಕೊಂಡು ಹೊಲಿಗೆಯಮ್ಮನಿಗೆ ಕೊಟ್ಟೆ. ಮರುದಿನ ಬೆಳಿಗ್ಗೆ ಅವ್ವನ ತುರುಬು ಕಟ್ಟುವಾಗ ನನಗೆ ಹೋಗಲಾಗುವುದಿಲ್ಲ ಎಂದು ತಿಳಿಯಿತು. ಕಾಗದವನ್ನು ಪುಸ್ತಕದಲ್ಲಿಟ್ಟೆ. ಸಂಜೆ ಹೊಲಿಗೆಯಮ್ಮನ ಬಳಿಗೆ ಹೋದೆ.

"ಎರಡು ಹೊಲಿದರೆ ಸಾಕು. ಉಳಿದದ್ದು ಹಾಗೇ ಇರಲಿ."

"ಯಾಕೆ ಮಗಳೆ, ಬಣ್ಣ ಹಿಡಿಸಲಿಲ್ವಾ?"

ನಾನು ಹೇಳಬೇಕೆಂದಿರಲಿಲ್ಲ. ಅವರು ಕತ್ತರಿಯನ್ನು ಕೆಳಗಿಟ್ಟು ಕಾದರು. ಕಾಯುವುದು ಅವರಿಗೆ ಚೆನ್ನಾಗಿ ಬರುತ್ತಿತ್ತು. ಕಾಗದ, ಅವ್ವನ ಕೈ, ತುರುಬು, ಎಲ್ಲವನ್ನೂ ಹೇಳಿದೆ. ಅವರನ್ನು ಬಿಟ್ಟು ಇನ್ನಾರಿಗೂ ಆಗ ಅದನ್ನು ಹೇಳಲಿಲ್ಲ.

"ಅವ್ವನ ಕೈ ತಲೆಗೆ ಮುಟ್ಟಿದ್ರೆ ಹೋಗ್ತೀಯಾ?"

"ಹೋಗ್ತೀನಿ."

"ಹಂಗಾದ್ರೆ ನಾಲ್ಕೂ ಹೊಲೀತೀನಿ. ನಾಳೆ ಮೂರು ಗಂಟೆಗೆ ಅವರನ್ನ ಕರ್ಕೊಂಡು ಬಾ. ಅಳತೆ ಕೊಡ್ಬೇಕಂತೆ ಅನ್ನು."

ಮರುದಿನ ಮೂರಕ್ಕೆ ನಾವು ಹೋದಾಗ ಮೆಷಿನ್ನು ಮೂಲೆಗೆ ಸರಿದಿತ್ತು. ಬೀದಿಯ ಆರು ಜನ ಹೆಂಗಸರು ಗೋಡೆಗೆ ಮುಖ ಮಾಡಿ ಸಾಲಾಗಿ ನಿಂತು, ಬೆರಳುಗಳನ್ನು ಒಂದೊಂದಾಗಿ ಸರಿಸುತ್ತ ಗೋಡೆಯ ಮೇಲೆ ಕೈ ಹತ್ತಿಸುತ್ತಿದ್ದರು. ಯಾರೂ ನಲವತ್ತೈದಕ್ಕಿಂತ ಚಿಕ್ಕವರಲ್ಲ. ಎಮ್ಮೆ ಸಾಕಿಕೊಂಡಿದ್ದ ಹಾಲಿನಜ್ಜಿಗೆ ಅರವತ್ತು ಯಾವಾಗಲೋ ದಾಟಿತ್ತು.

"ಇವ್ರೆಲ್ಲ ಯಾಕೆ ಗ್ವಾಡೆಗೆ ಮುಖ ಹಾಕ್ಕೊಂಡು ನಿಂತವ್ರೆ?" ಅವ್ವ ಹೊಸ್ತಿಲಲ್ಲೇ ನಿಂತಳು.

"ನೀವೂ ಬನ್ರಮ್ಮ, ನಿಂತ್ಕೊಳ್ಳಿ," ಎಂದರು ಹೊಲಿಗೆಯಮ್ಮ.

"ಗ್ವಾಡೆ ಹತ್ತಕ್ಕೆ ನಾನೇನು ಹಲ್ಲಿಯಾ?"

ಹಾಲಿನಜ್ಜಿ ತಿರುಗಿ ಕೂಡ ನೋಡಲಿಲ್ಲ. "ಹಲ್ಲಿಗಾದ್ರೆ ಬಾಲ ಐತೆ ಕಣವ್ವ, ನಿಂಗೆ ಅದೂ ಇಲ್ಲ. ಬಾ, ಹತ್ತು."

ಎಲ್ಲರೂ ನಕ್ಕರು. ಅವ್ವನಿಗೆ ನಗು ಬಂತು. ನಗುತ್ತಲೇ ಒಳಗೆ ಬಂದಳು.

ಬೆರಳು ಎಲ್ಲಿಯವರೆಗೆ ಹತ್ತುತ್ತದೋ ಅಲ್ಲಿ ಬಟ್ಟೆಗೆ ಗೆರೆ ಎಳೆಯುವ ನೀಲಿ ಸೀಮೆಸುಣ್ಣದಿಂದ ಒಂದು ಗುರುತು. ಅಕ್ಷರ ಬಾರದವರೇ ಹೆಚ್ಚು. ಆದ್ದರಿಂದ ಒಬ್ಬೊಬ್ಬರಿಗೆ ಒಂದೊಂದು ಚಿಹ್ನೆ. ಹಾಲಿನಜ್ಜಿಯದು ಎಮ್ಮೆಯ ಕೊಂಬು, ಅವ್ವನದು ಸೊನ್ನೆ, ಹೊಲಿಗೆಯಮ್ಮನದು ಕತ್ತರಿ ಹೊಲಿಗೆಯ ಹಾಗೆ ಒಂದನ್ನೊಂದು ದಾಟಿದ ಎರಡು ಗೆರೆ. ಅವರು ತಮ್ಮ ಎಡಗೈಯನ್ನೇ ಹತ್ತಿಸುತ್ತಿದ್ದರು, ಮತ್ತು ಅವರ ಗುರುತು ಎಲ್ಲರದಕ್ಕಿಂತ ಮೇಲಿತ್ತು. ಗೋಡೆಯ ಆಸರೆಯಿದ್ದರೂ ಅವ್ವನ ಸೊನ್ನೆ ಮೊದಲ ದಿನ ಅವಳ ಗಲ್ಲದ ಮಟ್ಟಕ್ಕಷ್ಟೇ ಬಿತ್ತು. ಅಷ್ಟಕ್ಕೇ ಅವಳ ಹಣೆಯಲ್ಲಿ ಬೆವರು.

ಹೊಲಿಗೆಯಮ್ಮ ಅವಳ ಕೈಯನ್ನು ಮುಟ್ಟಲಿಲ್ಲ, ಮೇಲಕ್ಕೆ ತಳ್ಳಲಿಲ್ಲ. "ನೋವಿನ ಮನೆ ತಂಕ ಹೋಗಿ, ಬಾಗಿಲು ತಟ್ಟಿ, ಬಂದ್ಬಿಡಿ. ಒಳಗೆ ನುಗ್ಬೇಡಿ," ಎಂದರು. ಈ ಮಾತನ್ನು ಅವರು ದಿನವೂ ಯಾರಿಗಾದರೂ ಹೇಳುತ್ತಿದ್ದರು.

ಗೋಡೆಯಾದ ಮೇಲೆ ಬಟ್ಟೆ. ಮಂಚದ ಹಾಸಿನಷ್ಟು ದೊಡ್ಡದಾದ ಬಿಳಿ ಬಟ್ಟೆಯ ತುಂಡೊಂದನ್ನು ಅವರು ಹೊಲಿಯದೆ ಇದಕ್ಕಾಗಿಯೇ ಇಟ್ಟುಕೊಂಡಿದ್ದರು. ಅದರ ಅಂಚನ್ನು ಸುತ್ತಲೂ ಹಿಡಿದು ಎಲ್ಲರೂ ಒಟ್ಟಿಗೆ ಮೇಲೆತ್ತಬೇಕು, ಒಟ್ಟಿಗೆ ಇಳಿಸಬೇಕು, ನೆಲಕ್ಕೆ ಕೂತು ಮತ್ತೆ ಏಳಬೇಕು. ಬಟ್ಟೆಯ ನಡುವೆ ಮರದ ದಾರದ ರೀಲೊಂದನ್ನು ಮಲಗಿಸಿರುತ್ತಿದ್ದರು. ಒಬ್ಬರ ಕೈ ತಗ್ಗಿದರೂ ರೀಲು ಆ ಕಡೆಗೆ ಉರುಳುತ್ತದೆ. ಉರುಳಬಾರದು. ರೀಲನ್ನು ಇಡುವ ಕೆಲಸ, ಶನಿವಾರ ಗೋಡೆಯ ಗುರುತುಗಳನ್ನು ಟೇಪು ಹಿಡಿದು ಅಳೆದು ಬರೆಯುವ ಕೆಲಸ ನನಗೆ ಬಂತು. ಅದುವರೆಗೆ ಅವರು ಏಳು ಜನ. ಒಂದು ಬದಿ ಜೋಲುತ್ತಿತ್ತಂತೆ. ಅವ್ವ ಎಂಟನೆಯವಳಾಗಿ ಆ ಬದಿಗೆ ನಿಂತಳು.

ಅಲ್ಲಿ ಎಣಿಕೆ ಇರಲಿಲ್ಲ. ಎಣಿಸಿದರೆ ಮನಸ್ಸು ಕೈಗೆ ಹೋಗುತ್ತದೆ, ಕೈ ಭಾರವಾಗುತ್ತದೆ ಎಂಬುದು ಹೊಲಿಗೆಯಮ್ಮನ ವಾದ. ಅದರ ಬದಲು ಬಟ್ಟೆ ಮೇಲಿರುವಾಗ ಒಬ್ಬರು ಅಂದಿನ ಅಡುಗೆ ಹೇಳಬೇಕು. ಹೇಳಿ ಮುಗಿಯುವ ತನಕ ಬಟ್ಟೆ ಇಳಿಯುವ ಹಾಗಿಲ್ಲ. ಬೀದಿಯ ಮೇಷ್ಟ್ರ ಹೆಂಡತಿ ಸ್ಥೂಲಕಾಯದವರು, ಮಾತಿನಲ್ಲಿ ಬಹಳ ನಿಧಾನ.

"ಬೆಳಿಗ್ಗೆ ಎದ್ದು ಬೇಳೆ ನೆನೆಸಿದೆ ಕಣ್ರೀ. ಬೇಳೆ ಅಂದ್ರೆ ತೊಗರಿ ಅಲ್ಲ, ಹೆಸರು..."

"ಬೇಗ ಬೇಯ್ಸವ್ವ ತಾಯಿ, ನನ್ ಕೈ ಬಿದ್ದೋಯ್ತದೆ," ಎಂದಳು ಹಾಲಿನಜ್ಜಿ.

"ಒಗ್ಗರಣೆ ಹಾಕ್ದೆ ಇಳಿಸಕ್ಕಾಗತ್ತಾ?"

ನಾನು ವಿಜ್ಞಾನ ಓದಿದವಳು. ಕಂಡದ್ದನ್ನು ಬರೆದಿಡುವ ಅಭ್ಯಾಸ ನನಗಿತ್ತು. ನಾನು ನೋಡತೊಡಗಿದ ಹೊಸತರಲ್ಲಿ ಮಾರ್ಕೆಟ್ಟಿನಿಂದ ಬರುವಾಗ ಮೂರು ಕಡೆ ಜಗಲಿ ಹುಡುಕಿ ಕೂರುತ್ತಿದ್ದ ಮೇಷ್ಟ್ರ ಹೆಂಡತಿ ಏಪ್ರಿಲ್ಲಿನ ಹೊತ್ತಿಗೆ ಚೀಲ ಹಿಡಿದು ಒಂದೇ ಸಮನೆ ಮನೆ ಸೇರುತ್ತಿದ್ದರು. ಹಾಲಿನಜ್ಜಿ ನೆಲಕ್ಕೆ ಕೈ ಊರದೆ ಏಳುತ್ತಿದ್ದಳು. ಮುಟ್ಟು ನಿಂತ ಮೇಲೆ ಎರಡು ವರ್ಷದಿಂದ ಮನೆಯ ಹೊಸ್ತಿಲು ದಾಟದಿದ್ದ ಒಬ್ಬರು ಎಲ್ಲರಿಗಿಂತ ಮೊದಲು ಬಂದು ಬಾಗಿಲ ಬಳಿ ಕಾಯುತ್ತಿದ್ದರು. ಯಾವ ಔಷಧಿಯೂ ಇಲ್ಲದೆ, ಒಂದು ತುಂಡು ಬಟ್ಟೆಯಿಂದ ಇದು ಆಗುತ್ತಿತ್ತು. ನೋಡುತ್ತ ನೋಡುತ್ತ ನನ್ನ ಬರವಣಿಗೆ ಎಷ್ಟೋ ಸಲ ನಿಂತುಹೋಗುತ್ತಿತ್ತು.

ಆದರೆ ಅವ್ವನ ಸೊನ್ನೆ ಮಾತ್ರ ಕಿವಿಯ ಮಟ್ಟಕ್ಕೆ ಬಂದು ನಿಂತಿತ್ತು. ಮೇ ತಿಂಗಳು ಕಳೆಯಿತು. ನಾನು ಕಾಲೇಜಿಗೆ ಬರಲಾಗುವುದಿಲ್ಲ ಎಂಬ ಉತ್ತರವನ್ನು ಬರೆದು ಲಕೋಟೆಗೆ ಹಾಕಿ ಅಂಟಿಸಿ, ಹೊಲಿಗೆಯಮ್ಮನಿಗೆ ತೋರಿಸಿದೆ. ಅವರು ಅದನ್ನು ಇಸಿದುಕೊಂಡು ಮೆಷಿನ್ನಿನ ಡ್ರಾಯರಿನಲ್ಲಿಟ್ಟರು. "ಇದು ಇಲ್ಲಿರಲಿ," ಎಂದರು.

ಜೂನ್ ಎರಡನೆಯ ವಾರದ ಒಂದು ಮಧ್ಯಾಹ್ನ. ಮೋಡ ಸರಿದು ಗಾಜಿನ ಹೆಂಚಿನಿಂದ ಬಿಸಿಲು ನೇರ ಬಟ್ಟೆಯ ಮೇಲೆ ಬಿದ್ದಿತ್ತು. ಅಂದು ಅಡುಗೆ ಹೇಳುವ ಸರದಿ ಅವ್ವನದು. ಅಂದಿನ ಅಡುಗೆ ಬಿಟ್ಟು ಸಂಕ್ರಾಂತಿಯ ಹೊತ್ತಿಗೆ ಊರಿನಿಂದ ಬಂದಿದ್ದ ಹೊಸ ಅವರೆಕಾಯಿಯ ನೆನಪು ತೆಗೆದು, ಬಿಡಿಸಿದ್ದು, ನೆನೆಸಿದ್ದು, ಹಿತುಕಿದ್ದು ಎಲ್ಲವನ್ನೂ ಹೇಳುತ್ತಿದ್ದಳು. ಕಣ್ಣು ರೀಲಿನ ಮೇಲೆ. ಬಟ್ಟೆ ಏರುತ್ತಿತ್ತು. ಎದೆ ದಾಟಿತು, ಹಣೆ ದಾಟಿತು. ಅವ್ವನ ಎರಡು ಕೈಗಳೂ ತಲೆಯ ಮೇಲಿದ್ದವು. ರೀಲು ಕದಲಲಿಲ್ಲ. ನಾನು ಬಾಯಿ ತೆರೆಯುವಷ್ಟರಲ್ಲಿ ಹೊಲಿಗೆಯಮ್ಮ ನನ್ನ ಕಡೆ ನೋಡಿ ಕಣ್ಣಿನಲ್ಲೇ ಬೇಡವೆಂದರು. ಸುತ್ತಲಿದ್ದ ಉಳಿದವರಿಗೂ ಕಂಡಿತ್ತು. ಒಬ್ಬರೂ ಹೇಳಲಿಲ್ಲ.

"ಸಾರು ಕುದೀತಾ?" ಎಂದರು ಹೊಲಿಗೆಯಮ್ಮ.

"ಕುದೀತು."

"ಇನ್ನೊಂದು ಕುದಿ ಬರ್ಲಿ."

ಮಾರನೆಯ ಬೆಳಿಗ್ಗೆ ನಾನು ಎಂದಿನಂತೆ ಬಾಚಣಿಗೆ ತೆಗೆದುಕೊಂಡೆ. ಅವ್ವ ಕೈ ಚಾಚಿದಳು. "ಇತ್ತಾಗ್ ಕೊಡು." ತುರುಬು ಸೊಟ್ಟಗಿತ್ತು. ಆದರೂ ಅದನ್ನು ಅವಳು ಯಾರಿಂದಲೂ ಸರಿಮಾಡಿಸಿಕೊಳ್ಳಲಿಲ್ಲ. ನಾನು ಹೊರಡುವ ದಿನ ಹೊಲಿಗೆಯಮ್ಮ ನಾಲ್ಕು ರವಿಕೆಗಳನ್ನು ಮಡಿಸಿ ಕೊಟ್ಟರು. ಅವುಗಳ ನಡುವೆ ನಾನು ಅಂಟಿಸಿದ್ದ ಲಕೋಟೆ ಇತ್ತು.

ಆಮೇಲೆ ನಾನು ರಜೆಗಳಲ್ಲಿ ಮಾತ್ರ ಬರುತ್ತಿದ್ದೆ. ದಿನವೂ ನೋಡುವವರಿಗೆ ಕಾಣದ್ದು ದೂರದಿಂದ ಬಂದವರಿಗೆ ಕಾಣುತ್ತದೆ. ಎರಡನೆಯ ವರ್ಷದ ದಸರಾ ರಜೆಯಲ್ಲಿ ಗೋಡೆಯ ಎಲ್ಲ ಗುರುತುಗಳೂ ಮೇಲಿದ್ದವು. ಅವ್ವನ ಸೊನ್ನೆ ಅವಳ ತಲೆಗಿಂತ ಒಂದು ಗೇಣು ಮೇಲೆ. ಹೊಲಿಗೆಯಮ್ಮನ ಗುರುತು ಮಾತ್ರ ಇಳಿದಿತ್ತು. ಮುಂದಿನ ಬೇಸಿಗೆಗೆ ಇನ್ನೂ ಇಳಿದಿತ್ತು. ಬಟ್ಟೆಯನ್ನೂ ಎಲ್ಲರೂ ಎದೆಯ ಮಟ್ಟಕ್ಕೆ ಎತ್ತಿ ನಿಲ್ಲಿಸುತ್ತಿದ್ದರು. ರೂಢಿ ಹಳೆಯದಾಗಿ ಹೆಂಗಸರಿಗೆ ಸೋಮಾರಿತನ ಬಂದಿದೆ ಎಂದು ಬರೆದಿಟ್ಟೆ.

"ಏನವ್ವ, ಇಷ್ಟೇನಾ ಎತ್ತೋದು?" ಎಂದು ಮನೆಗೆ ಬಂದ ಮೇಲೆ ಕೇಳಿದೆ.

"ಈಗ ಇಷ್ಟೇ," ಎಂದಳು. ಕಾಳು ಆರಿಸುತ್ತಿದ್ದವಳು ತಲೆ ಎತ್ತಲಿಲ್ಲ.

ಆ ವಾರವೇ ಹೊಲಿಗೆಯಮ್ಮ ನನ್ನನ್ನು ಒಬ್ಬಳನ್ನೇ ಕರೆದು ಬಾಗಿಲು ಹಾಕಿಕೊಂಡರು. ಟೇಪನ್ನು ನನ್ನ ಕೈಗೆ ಕೊಟ್ಟರು. "ಹಳೇ ರವಿಕೆ ಸಡಿಲ ಆಗ್ತಿದೆ. ಅಳತೆ ತಗೋ ಮಗಳೆ. ನೀನು ಮಾತಾಡೋಳಲ್ಲ."

ಟೇಪನ್ನು ಎದೆಯ ಸುತ್ತ ತಂದಾಗ ನನ್ನ ಕೈಗೆ ತಿಳಿಯಿತು. ಎಡಭಾಗದಲ್ಲಿ ಮಡಿಸಿದ ಬಟ್ಟೆ ಇತ್ತು, ಅದರ ಹಿಂದೆ ಏನೂ ಇರಲಿಲ್ಲ. ನಾನು ಅಳತೆಯನ್ನು ಬರೆದುಕೊಂಡೆ.

"ಬೆಂಗಳೂರಿನ ಆಸ್ಪತ್ರೇಲಿ ಗಂಟು ತೆಗೆದ್ರು," ಎಂದರು. "ನಿಮ್ಮವ್ವ ಇಲ್ಲಿ ಬಟ್ಟೆ ಹಿಡಿಯೋದಕ್ಕೆ ಒಂದು ವರ್ಷ ಮುಂಚೆ. ಆಮೇಲೆ ಈ ಕೈ ಊದ್ಕೊಂಡ್ತು, ಎತ್ತಕ್ಕಾಗ್ತಿರಲಿಲ್ಲ. ಅಲ್ಲಿಯ ನರ್ಸಮ್ಮ ಗೋಡೆ ಹತ್ತಿಸು ಅಂತ ಹೇಳಿಕೊಟ್ಳು. ಒಬ್ಬಳೇ ಎರಡು ದಿನ ಹತ್ತಿಸಿದೆ. ಮೂರನೇ ದಿನ ಗೋಡೆಗೆ ತಲೆ ಇಟ್ಟು ಅತ್ತೆ. ಆವತ್ತು ಹಾಲಿನಜ್ಜಿ ಹಾಲು ಹಾಕಕ್ಕೆ ಬಂದ್ಳು. 'ಅಜ್ಜಿ, ನಿನ್ನ ಭುಜದ ನೋವು ಹೋಗ್ತದೆ ಬಾ' ಅಂದೆ. ಹೋಗ್ತದೋ ಇಲ್ವೋ ನಂಗೇನು ಗೊತ್ತು? ನಂಗೆ ಪಕ್ಕದಲ್ಲೊಬ್ರು ಬೇಕಿತ್ತು."

"ಈಗ?"

"ಈಗ ತಿರುಗಿ ಬಂದಿದೆ. ಅವರಿಗೆ ಹೇಳ್ಬೇಡ. ಗೊತ್ತಾದ್ರೆ ಅಯ್ಯೋ ಪಾಪ ಅಂತ ನನ್ನ ಕೂರಿಸ್ಬಿಡ್ತಾರೆ. ಮೂರು ಗಂಟೆ ಆದ್ರೆ ನಾನು ನಿಂತ್ಕೋಬೇಕು."

ನಾನು ಹೇಳಲಿಲ್ಲ. ಕೆಲವು ತಿಂಗಳ ಮೇಲೆ, ಹೊಲಿಗೆಯಮ್ಮ ತೀರಿಕೊಂಡರೆಂದು ಅಣ್ಣನಿಂದ ಕಾಗದ ಬಂದು ನಾನು ಮೈಸೂರು ತಲುಪುವಷ್ಟರಲ್ಲಿ ಮಣ್ಣಾಗಿತ್ತು. ಏಳು ಜನ ಹೆಂಗಸರೂ ಮೊದಲ ಸಲ ಇಗರ್ಜಿಯ ಒಳಗೆ ಹೋಗಿ, ಕೊನೆಯ ಬೆಂಚಿನ ಹಿಂದೆ ಸಾಲಾಗಿ ನಿಂತಿದ್ದರಂತೆ. ಹೊಲಿಗೆಯಮ್ಮನ ಮನೆಯ ಮಾಲೀಕರು ಹೊಸ ಬಾಡಿಗೆಗೆಂದು ಗೋಡೆಗಳಿಗೆ ಸುಣ್ಣ ಹೊಡೆಸಿಬಿಟ್ಟಿದ್ದರು. ಗುರುತುಗಳಿರಲಿಲ್ಲ. ಆ ರಾತ್ರಿ ಊಟವಾದ ಮೇಲೆ ನಾನು ಅವ್ವನಿಗೆ ಎಲ್ಲವನ್ನೂ ಹೇಳಿದೆ. ಇನ್ನು ಮುಚ್ಚಿಡಬೇಕಾದದ್ದೇನೂ ಇರಲಿಲ್ಲ.

ಅವ್ವ ಅಚ್ಚರಿಪಡಲಿಲ್ಲ. "ಗೊತ್ತಿತ್ತು ಕಣ್ಮಗ," ಎಂದಳು.

"ಯಾರು ಹೇಳಿದರು?"

"ಯಾರು ಹೇಳ್ಬೇಕು? ಬಟ್ಟೆ ಹಿಡಿದೋರಿಗೆ ತಿಳೀದಾ? ಒಂದಿನ ಅವಳ ಕಡೆ ತಗ್ತು, ರೀಲು ಅವಳ ಕಡೀಗೆ ಉರುಳ್ತು. ಅವಳ ಮುಖ ನೋಡಿದ್ವಿ. ಮಾರ್ನೇ ದಿನದಿಂದ ಅವಳೆಷ್ಟು ಎತ್ತಾಳೋ ನಾವೂ ಅಷ್ಟೇ ಎತ್ತುದ್ವಿ. ನಾವ್ನಾವು ಮಾತಾಡ್ಕೊಳ್ಳಿಲ್ಲ. ಆಮೇಲೆ ಸೊಂಟದ ಮಟ್ಟಕ್ಕೆ ಬಂತು. ಕಡೇ ತಿಂಗಳು ಅವಳು ಮಂಚ ಬುಟ್ಟು ಏಳ್ನಿಲ್ಲ. ನಾವು ಮಂಚದ ಸುತ್ತ ಕೂತ್ಕಂಡು ಅವಳ ಹೊದಿಕೆ ಮ್ಯಾಲೆ ಒಂದು ಗೇಣು ಎತ್ತಿ ಹಿಡೀತಿದ್ವಿ. ಅವಳ ಕೈಗೂ ಒಂದು ಅಂಚು ಕೊಡ್ತಿದ್ವಿ. ಮೇಷ್ಟ್ರ ಹೆಂಡ್ರು ಅಡುಗೆ ಹೇಳೋರು."

ಎದೆಯ ಮಟ್ಟಕ್ಕೆ ನಿಂತಿದ್ದ ಆ ಬಟ್ಟೆಯನ್ನು ನೋಡಿ ನಾನು ಸೋಮಾರಿತನವೆಂದು ಬರೆದಿಟ್ಟಿದ್ದೆ.

ಅವ್ವ ಎದ್ದಳು, ಕೈ ಊರದೆ. ಗೂಡಿನಿಂದ ಏನನ್ನೋ ತೆಗೆದು ನನ್ನ ಮುಂದಿಟ್ಟಳು. ಖಾಲಿಯಾದ ಮರದ ರೀಲು.

"ಆವತ್ತು ಬುಟ್ರೆ ಕಡೇ ತಂಕ ಒಂದಿನಾನೂ ಉರುಳ್ನಿಲ್ಲ," ಎಂದಳು.