ಎಷ್ಟು ಬಂತು ಎಂದು ಕೇಳುವವರು

ಎದುರಿಗಿದ್ದವರು ಬಾಯಿ ತೆರೆದರೆ ಸಾಕು, ಅವರ ಎಡಗಣ್ಣು ಮುಚ್ಚಿಕೊಳ್ಳುತ್ತಿತ್ತು. ಪೂರ್ತಿ ಅಲ್ಲ, ಮುಕ್ಕಾಲು ಪಾಲು. ಬಲಗಣ್ಣು ಮಾತ್ರ ಅಗಲವಾಗಿ ತೆರೆದುಕೊಂಡು, ಅದರ ಮೇಲಿನ ಹುಬ್ಬು ಹಣೆಯ ಅರ್ಧಕ್ಕೆ ಏರಿ ಕೂರುತ್ತಿತ್ತು. ದೆಹಲಿಯ ಪೀತಮ್‌ಪುರದಲ್ಲಿದ್ದ ಅವರ ಮನೆಯ ಮೇಲಿನ ಕೋಣೆಯನ್ನು ಬಾಡಿಗೆಗೆ ಕೇಳಲು ಹೋದ ದಿನ ಅದನ್ನು ಏನೋ ಕಣ್ಣಿನ ತೊಂದರೆ ಎಂದುಕೊಂಡು ಮನಸ್ಸಿನಲ್ಲೇ ಅಯ್ಯೋ ಪಾಪ ಎಂದಿದ್ದೆ. ಅರ್ಧ ಗಂಟೆಯಲ್ಲಿ ಗೊತ್ತಾಯಿತು, ಅದು ತೊಂದರೆಯಲ್ಲ, ನನ್ನ ಮೇಲಿನ ಅನುಮಾನ.

"ಹಾಸನ ಅಂತೀಯ. ಹಾಸನದಲ್ಲಿ ಎಲ್ಲಿ?"

"ಸಾಲಗಾಮೆ ರಸ್ತೆ, ಅಂಕಲ್."

"ಅಲ್ಲಿಂದ ಬಸ್ ಸ್ಟ್ಯಾಂಡಿಗೆ ನಡ್ಕೊಂಡು ಹೋದ್ರೆ ಎಷ್ಟು ಹೊತ್ತು?"

ನಾನು ಹೇಳಿದೆ. ಅವರು ಅಡುಗೆಮನೆಯ ಕಡೆ ತಿರುಗಿ, "ಸರಿನಾ?" ಎಂದು ಕೇಳಿದರು. ಅವರ ಹೆಂಡತಿಯ ತವರು ಹಾಸನವಂತೆ. ಒಳಗಿನಿಂದ ಉತ್ತರ ಬಂತು: "ಸಾಕು ಬಿಡ್ರೀ. ಹುಡುಗಿ ಬಾಡಿಗೆಗೆ ಬಂದಿದ್ದಾಳೆ, ಠಾಣೆಗೆ ಬಂದಿಲ್ಲ."

ಹೀಗೆ ಅವರು ನನ್ನ ಮನೆ ಮಾಲೀಕರಾದರು. ಮೆಟ್ರೋ ಪೀತಮ್‌ಪುರಕ್ಕೆ ಬಂದು ಎರಡು ಮೂರು ವರ್ಷವಾಗಿದ್ದ ಕಾಲ. ಅಂಕಲ್ ಕೇಂದ್ರ ಸರ್ಕಾರದ ಒಂದು ಕಚೇರಿಯಲ್ಲಿ ಅಧಿಕಾರಿ. ಬೆಳಿಗ್ಗೆ ಎಂಟೂವರೆಗೆ ಟಿಫಿನ್ ಡಬ್ಬಿ ಹಿಡಿದು ಹೊರಟರೆ ಸಂಜೆ ಆರೂವರೆಗೆ ವಾಪಸ್. ಈ ಎರಡರ ನಡುವೆ ಎಷ್ಟು ಜನರನ್ನು ನಂಬಲಿಲ್ಲ ಎಂಬುದು ಅವರ ದಿನದ ವರದಿ. ಗ್ಯಾಸ್ ಸಿಲಿಂಡರ್ ತಂದ ಭಯ್ಯಾ, ಅದರ ಬಾಯಿಗೆ ಸೋಪಿನ ನೀರು ಸುರಿದು ಗುಳ್ಳೆ ಬರುತ್ತದೆಯೇ ನೋಡುವವರೆಗೆ ಮೆಟ್ಟಿಲು ಇಳಿಯುವಂತಿರಲಿಲ್ಲ. ಮೀಟರ್ ಓದಲು ಬಂದವನು ಬರೆದುಕೊಂಡ ಅಂಕಿಯನ್ನು ತಾವೂ ಓದಿ, ಅವನ ಪುಸ್ತಕಕ್ಕೆ ಇಣುಕಿ ಹೋಲಿಸುತ್ತಿದ್ದರು. "ನಮ್ಮ ಮದುವೇಲಿ ನನ್ನ ಜಾತಕಾನ ಮೂರು ಜೋಯಿಸರ ಹತ್ರ ಬೇರೆ ಬೇರೆ ತೋರಿಸಿದ್ರಂತೆ," ಎಂದು ಆಂಟಿ ನಗುತ್ತಿದ್ದರು. "ಮೂವರೂ ಒಂದೇ ಹೇಳಿದ್ದಕ್ಕೆ ಇವರಿಗೆ ಇನ್ನೂ ಡೌಟು, ಒಳಗೊಳಗೇ ಮಾತಾಡ್ಕೊಂಡಿರಬೇಕು ಅಂತ."

ನಾನೂ ಕಡಿಮೆಯವಳಲ್ಲ. ಅವರು ನನ್ನನ್ನು ಅನುಮಾನಿಸಿದಷ್ಟೇ ನಾನು ಅವರನ್ನು ಅನುಮಾನಿಸಿದೆ. ಸಂಜೆ ಟೀ ಕುಡಿದವರೇ ಗ್ರಿಲ್ ಹಾಕಿದ ಬಾಲ್ಕನಿಯಲ್ಲಿ ಕಂಪ್ಯೂಟರ್ ಮುಂದೆ ಕೂರುತ್ತಿದ್ದರು. ಯಾವ ಯಾವ ದೇಶದಿಂದಲೋ ಮೇಲ್ ಬರುತ್ತಿತ್ತು. ಒಮ್ಮೆ ಪೋಲೆಂಡಿನಿಂದ ಒಂದು ಪೊಟ್ಟಣ ಬಂತು, ಒಳಗೆ ಚಾಕೊಲೇಟು ಮತ್ತು ಒಂದು ಟೀ ಶರ್ಟು. ಸರ್ಕಾರಿ ನೌಕರನಿಗೆ ಪೋಲೆಂಡಿನವರು ಯಾಕೆ ಚಾಕೊಲೇಟು ಕಳಿಸುತ್ತಾರೆ? ಇವರು ಯಾವುದೋ ಕಡತ ಮಾರಿಕೊಳ್ಳುತ್ತಿದ್ದಾರೆ ಎಂದು ಒಂದು ತಿಂಗಳು ಗಟ್ಟಿಯಾಗಿ ನಂಬಿದ್ದೆ.

ಕೊನೆಗೆ ಕೇಳಿಯೇಬಿಟ್ಟೆ. ಅವರು ಹೇಳಿದ್ದಿಷ್ಟು. ಒಂದು ಪ್ರೋಗ್ರಾಮಿಂಗ್ ಭಾಷೆಯಿದೆ, ಅದಕ್ಕೆ ಯಜಮಾನರಿಲ್ಲ, ಯಾರು ಬೇಕಾದರೂ ಪುಕ್ಕಟೆ ಬಳಸಬಹುದು, ಒಳಗೆ ಇಣುಕಿ ತಿದ್ದಬಹುದು. ಒಂದು ಕಂಪ್ಯೂಟರು ಇನ್ನೊಂದರ ಜೊತೆ ಮಾತಾಡಬೇಕಾದರೆ ಆ ಭಾಷೆಯವರೆಲ್ಲ ಬಳಸುವ ಒಂದು ಭಾಗ ಅದರಲ್ಲಿದೆ, ನೆಟ್‌ವರ್ಕ್ ಲೈಬ್ರರಿ. ಅದನ್ನು ನೋಡಿಕೊಳ್ಳುವವರು ನಾಲ್ಕು ಜನ, ಅವರಲ್ಲಿ ಇವರೊಬ್ಬರು, ಪೊಟ್ಟಣ ಕಳಿಸಿದ ಪೋಲೆಂಡಿನವರು ಇನ್ನೊಬ್ಬರು. ಎಲ್ಲಾದರೂ ಬಗ್, ಅಂದರೆ ತಪ್ಪು, ಕಂಡರೆ ಜನ ಎಲ್ಲರೂ ಓದುವ ಒಂದು ಮೇಲಿಂಗ್ ಲಿಸ್ಟಿಗೆ ಬರೆಯುತ್ತಾರೆ, ಇವರು ಹುಡುಕಿ ಸರಿ ಮಾಡುತ್ತಾರೆ.

"ಇದಕ್ಕೆ ನಿಮಗೆ ಏನು ಸಿಗುತ್ತೆ ಅಂಕಲ್?"

"ಚಾಕೊಲೇಟು," ಎಂದರು.

ನಮ್ಮ ಕಂಪನಿಯಲ್ಲಿ ಬಳಸುತ್ತಿದ್ದದ್ದೂ ಅದೇ ಭಾಷೆ. ಅದು ತಿಳಿದ ವಾರವೇ ತಮ್ಮ ಇಂಟರ್ನೆಟ್ ಲೈನಿನಿಂದ ಒಂದು ತಂತಿ ಎಳೆದು ನನ್ನ ಕೋಣೆಗೆ ಕೊಟ್ಟರು. ಭಾನುವಾರ ಬೆಳಿಗ್ಗೆ ಬಾಲ್ಕನಿಯಲ್ಲಿ ಕೂರಿಸಿಕೊಂಡು ಪಾಠ ಶುರುವಾಯಿತು. ಅವರ ವಿದ್ಯೆಯೆಲ್ಲ ಆ ಎಡಗಣ್ಣಿನದ್ದೇ. "ಆ ಕಡೆಯವನು ಏನು ಕಳಿಸಿದ್ರೂ ನಂಬಬೇಡ. ಬಂತು ಅಂದ್ರೆ ಸಾಲದು, ಎಷ್ಟು ಬಂತು ಹೇಳು. ಕಳಿಸ್ತೀನಿ ಅಂದಷ್ಟು ಬಂತಾ, ಕಡಿಮೆ ಬಂತಾ, ಮಧ್ಯೆ ಲೈನ್ ಕಟ್ಟಾಯ್ತಾ?" ಮಾರ್ಕೆಟ್ಟಿನಲ್ಲಿ ತರಕಾರಿ ತೂಗಿಸುವಾಗಲೂ ಇದೇ ಮಾತು, ಇದೇ ಧಾಟಿ. ಬಗ್ ಇದೆ ಎಂದು ಯಾರು ಬರೆದರೂ ಅವರು ಕೇಳುತ್ತಿದ್ದದ್ದು ಒಂದೇ: ಆ ತಪ್ಪನ್ನು ಮಾಡಿ ತೋರಿಸುವ ಹತ್ತು ಸಾಲಿನ ಒಂದು ಪುಟ್ಟ ಪ್ರೋಗ್ರಾಮು, ಒಂದು ಟೆಸ್ಟ್ ಕಳಿಸಿ, ಅದು ನನ್ನ ಕಣ್ಣೆದುರಿಗೆ ಫೇಲ್ ಆಗಬೇಕು. ಫೇಲ್ ಆಗುವ ಟೆಸ್ಟ್ ಕಾಣದೆ ಅವರು ಒಂದು ಸಾಲನ್ನೂ ಮುಟ್ಟುತ್ತಿರಲಿಲ್ಲ.

ನನ್ನ ಆಫೀಸು ಲಕ್ಷ್ಮೀ ನಗರದಲ್ಲಿ, ಒಂದು ಕೋಚಿಂಗ್ ಸೆಂಟರಿನ ಮೇಲಿನ ಮಹಡಿ. ಫರೀದಾಬಾದಿನ ಒಂದು ಲ್ಯಾಬಿನಲ್ಲಿ ಆದ ರಕ್ತಪರೀಕ್ಷೆಯ ರಿಪೋರ್ಟುಗಳನ್ನು ದೆಹಲಿಯ ಬೇರೆ ಬೇರೆ ಸೆಂಟರುಗಳಿಗೆ ತಲುಪಿಸುವ ಪ್ರೋಗ್ರಾಮು ನನ್ನ ಪಾಲಿನದ್ದು. ಚಳಿ ಶುರುವಾದಾಗ ದೂರು ಬಂತು. ನೂರಕ್ಕೆ ಒಂದೋ ಎರಡೋ ರಿಪೋರ್ಟು ಅರ್ಧಕ್ಕೇ ನಿಲ್ಲುತ್ತಿತ್ತು. ಹೆಸರಿದೆ, ವಯಸ್ಸಿದೆ, ಹಿಮೋಗ್ಲೋಬಿನ್ ಇದೆ, ಕೆಳಗಿನ ಸಕ್ಕರೆಯ ಸಾಲೇ ಇಲ್ಲ. ನಮ್ಮ ಪ್ರೋಗ್ರಾಮು ಮಾತ್ರ ಎಲ್ಲ ಸರಿಯಾಗಿ ತಲುಪಿದೆ ಎಂದು ಬರೆದುಕೊಳ್ಳುತ್ತಿತ್ತು. ಒಬ್ಬ ಡಾಕ್ಟರು ಫೋನಿನಲ್ಲಿ ಮ್ಯಾನೇಜರಿಗೆ ಬೈದರು, ಮ್ಯಾನೇಜರು ನನ್ನನ್ನು ಕರೆದರು.

"ದೇಖೋ ಮೇಡಂ, ಈ ತಿಂಗಳ ಕೊನೆಗೆ ನಿಮ್ಮ ಪ್ರೊಬೇಷನ್ ಮುಗಿಯುತ್ತೆ. ಅಷ್ಟರೊಳಗೆ ಇದು ಸರಿಯಾಗಬೇಕು. ಇಲ್ಲದಿದ್ದರೆ ನನ್ನ ಕೈಲಿ ಏನೂ ಇಲ್ಲ."

ಕೆಲಸ ಖಾಯಂ ಆಗದಿದ್ದರೆ ಮರುಮಾತಿಲ್ಲದೆ ಊರಿಗೆ ವಾಪಸ್ ಎಂದು ಅಣ್ಣನಿಗೆ ಮಾತು ಕೊಟ್ಟು ದೆಹಲಿ ರೈಲು ಹತ್ತಿದವಳು ನಾನು. ವಾಪಸ್ ಹೋದರೆ ನನಗಾಗಿ ಅಲ್ಲಿ ಏನು ಕಾದಿದೆ ಎಂದೂ ಗೊತ್ತಿತ್ತು, ಹುಡುಗನ ಫೋಟೋ ಆಗಲೇ ಅಂಚೆಯಲ್ಲಿ ಬಂದಿತ್ತು. ಎರಡು ವಾರ ನನ್ನ ಪ್ರೋಗ್ರಾಮನ್ನು ಸಾಲು ಸಾಲಾಗಿ ಜಾಲಾಡಿದೆ. ಪಕ್ಕದ ಸೀಟಿನವನ ಮೇಲೆ, ಫರೀದಾಬಾದಿನ ಲ್ಯಾಬಿನ ಮೇಲೆ, ಟೆಲಿಫೋನ್ ಲೈನಿನ ಮೇಲೆ ಅನುಮಾನಪಟ್ಟೆ. ಕಡೆಗೆ ಉಳಿದದ್ದು ಒಂದೇ ಜಾಗ. ಭಾನುವಾರ ಅಂಕಲ್ಲಿಗೆ ಹೇಳಿದೆ, "ಬಗ್ ನಿಮ್ಮ ಲೈಬ್ರರಿಯಲ್ಲೇ ಇದೆ ಅನ್ಸುತ್ತೆ."

ಎಡಗಣ್ಣು ಪೂರ್ತಿ ಮುಚ್ಚಿತು. "ಲೈಬ್ರರಿ ಮೇಲೆ ಹಾಕೋದು ಎಲ್ಲರಿಗೂ ಸುಲಭ. ಟೆಸ್ಟ್ ತಗೊಂಡ್ ಬಾ."

ಒಂದು ಟೆಸ್ಟ್ ತಂದುಕೊಟ್ಟೆ. ಅದು ನಮ್ಮ ಆಫೀಸಿನ ಸರ್ವರ್ ಇಲ್ಲದೆ ನಡೆಯುವುದಿಲ್ಲ ಎಂದು ತಳ್ಳಿದರು. ಇನ್ನೊಂದು ತಂದೆ. ಹತ್ತು ಸಲ ಓಡಿಸಿದರೆ ಒಂದು ಸಲ ಫೇಲ್ ಆಗುತ್ತದೆ, ಇದು ಸಾಕ್ಷಿಯಲ್ಲ ಎಂದರು. ತಿಂಗಳು ಮುಗಿಯಲು ಒಂಬತ್ತು ದಿನ ಉಳಿದಿದ್ದ ಒಂದು ಸಂಜೆ, ಆಂಟಿ ಕೊಟ್ಟ ಟೀ ಲೋಟ ಹಿಡಿದು ಬಾಲ್ಕನಿಗೆ ಹೋದೆ. ಅವರ ಪರದೆಯ ಮೇಲೆ ಅದೇ ಭಾಗ ತೆರೆದಿತ್ತು, ನಾನು ಅನುಮಾನಪಟ್ಟ ಅದೇ ಭಾಗ. ನನ್ನ ಹೆಜ್ಜೆ ಕೇಳಿದ್ದೇ ಅವರು ಥಟ್ಟನೆ ಅದನ್ನು ಮುಚ್ಚಿಬಿಟ್ಟರು.

ನನಗೆ ಮೈಯೆಲ್ಲ ಉರಿದುಹೋಯಿತು. ಇವರಿಗೆ ಗೊತ್ತು. ಗೊತ್ತಿದ್ದೂ ಪೋಲೆಂಡಿನವರ ಮುಂದೆ ಹೆಸರು ಕೆಡಬಾರದೆಂದು ಮುಚ್ಚಿಡುತ್ತಿದ್ದಾರೆ. ಇವರ ಹೆಸರು ಉಳಿಯಲು ನಾನು ಹಾಸನದ ರೈಲು ಹತ್ತಬೇಕು. ಮಾರನೆಯ ಬೆಳಿಗ್ಗೆ ಕೋಣೆಯಲ್ಲಿ ಕೂತು, ಸುಳ್ಳು ಹೆಸರಿನಲ್ಲಿ ಹೊಸ ಮೇಲ್ ಖಾತೆಯೊಂದನ್ನು ತೆರೆದು ಆ ಲಿಸ್ಟಿಗೆ ಇಂಗ್ಲಿಷಿನಲ್ಲಿ ನಾಲ್ಕು ಸಾಲು ಬರೆದೆ. ನೆಟ್‌ವರ್ಕ್ ಲೈಬ್ರರಿ ಅರ್ಧ ಬಂದದ್ದನ್ನು ಪೂರ್ತಿ ಬಂದಿದೆ ಎನ್ನುತ್ತದೆ, ದೆಹಲಿಯಲ್ಲಿ ಕೂತು ಅದನ್ನು ನೋಡಿಕೊಳ್ಳುವವರಿಗೆ ಇದು ಗೊತ್ತಿದೆ, ತಮ್ಮ ಮಾನ ಉಳಿಸಿಕೊಳ್ಳಲು ಬಚ್ಚಿಡುತ್ತಿದ್ದಾರೆ, ಇಂಥವರನ್ನು ನಂಬಬಹುದೇ ಎಂದು. ಕಳಿಸಿ ಮೆಟ್ರೋ ಹತ್ತಿದೆ. ಕಾಶ್ಮೀರಿ ಗೇಟ್ ಬರುವಷ್ಟರಲ್ಲಿ ಬರೆದ ನಾಲ್ಕು ಸಾಲನ್ನು ಮನಸ್ಸಿನಲ್ಲೇ ಹತ್ತು ಸಲ ಓದಿಕೊಂಡಿದ್ದೆ.

ಸಂಜೆ ಮೆಟ್ಟಿಲು ಹತ್ತುವಾಗಲೇ ಆಂಟಿಯ ದನಿ ಕೇಳಿಸಿತು. "ಯಾರೋ ಮನೆಹಾಳ ಬರ್ದಿದ್ದಾನೆ. ಇಷ್ಟು ವರ್ಷ ಕಣ್ಣು ಕಳ್ಕೊಂಡು ದುಡಿದಿದ್ದಕ್ಕೆ ಇವರನ್ನ ಕಳ್ಳ ಅಂತಿದ್ದಾನೆ. ನೀನೇ ಹೇಳು, ಇವರು ಕಳ್ಳರಾ?" ಅಂಕಲ್ ಒಳಗಿನಿಂದ ನನ್ನನ್ನು ಕರೆದರು. "ಬಾ, ಟೀ ಕುಡಿ. ಬರೆದವರು ಯಾರಾದ್ರೂ ಆಗ್ಲಿ. ಹೇಳಿದ್ದು ನಿಜನಾ ಅಂತ ನೋಡೋಣ, ಚಲೋ."

ನನ್ನನ್ನು ಕುರ್ಚಿಯಲ್ಲಿ ಕೂರಿಸಿ ತಾವು ಬೆತ್ತದ ಸ್ಟೂಲಿನ ಮೇಲೆ ಕೂತರು. ಇಬ್ಬರೂ ಸೇರಿ ಒಂದು ಸುಳ್ಳುಗಾರ ಸರ್ವರ್ ಬರೆದೆವು. ಸಾವಿರ ಅಕ್ಷರ ಕಳಿಸುತ್ತೇನೆ ಎಂದು ಹೇಳಿ ಆರುನೂರು ಕಳಿಸಿ ಲೈನು ಕಡಿದುಬಿಡುವುದಷ್ಟೇ ಅದರ ಕೆಲಸ. ಓಡಿಸಿದೆವು. ಲೈಬ್ರರಿ ಆರುನೂರನ್ನು ತಂದು ನಮ್ಮ ಮುಂದಿಟ್ಟು, ಮುಗಿಯಿತು, ಎಲ್ಲ ಸರಿ ಎಂದಿತು. ಮತ್ತೆ ಓಡಿಸಿದೆವು. ಮತ್ತೆ ಅದೇ.

ಅಂಕಲ್ ಲೈಬ್ರರಿಯಲ್ಲಿ ಬಂದದ್ದನ್ನು ಎಣಿಸುವ ಸಾಲನ್ನು ಹುಡುಕಿ ತೆರೆದರು. ಆ ಸಾಲನ್ನು ಬರೆದವರು ಯಾರು, ಯಾವಾಗ ಎಂದು ಹಳೆಯ ದಾಖಲೆ ತೆಗೆದು ನೋಡಿದರು. ಬರೆದವರು ಅವರೇ, ಆರು ವರ್ಷದ ಹಿಂದೆ. "ಆಗ ಕೆಲವು ಸರ್ವರುಗಳು ಲೆಕ್ಕ ತಪ್ಪು ಹೇಳ್ತಿದ್ವು," ಎಂದರು ಮೆಲ್ಲಗೆ. "ಕಳಿಸ್ತಿದ್ದದ್ದು ಪೂರ್ತಿನೇ, ಹೇಳ್ತಿದ್ದದ್ದು ಜಾಸ್ತಿ. ನಮ್ಮ ಲೈಬ್ರರಿ ಅದನ್ನ ಒಪ್ಪಲ್ಲ ಅಂತ ಜನ ಗೋಳಾಡಿದ್ರು. ಹೋಗ್ಲಿ ಪಾಪ ಅಂತ ಆ ತಪಾಸಣೇನ ಸಡಿಲ ಮಾಡ್ದೆ." ಯಾರನ್ನೂ ನಂಬದ ಮನುಷ್ಯ ಒಂದೇ ಒಂದು ಸಲ ಕನಿಕರಪಟ್ಟು ನಂಬಿದ್ದರು, ನನ್ನ ಸಕ್ಕರೆಯ ಸಾಲು ಆರು ವರ್ಷದ ಮೇಲೆ ಅಲ್ಲೇ ಸೋರಿಹೋಗುತ್ತಿತ್ತು.

"ನಿನ್ನೆ ನಾನು ಬಂದಾಗ ಯಾಕೆ ಮುಚ್ಚಿದ್ರಿ?" ಎಂದು ಕೇಳಿದೆ.

"ನೀನು ಹೇಳಿದ ಭಾನುವಾರದಿಂದ ಅದನ್ನೇ ಓದ್ತಿದ್ದೀನಿ. ನನಗೆ ಕಾಣ್ಲಿಲ್ಲ. ನಾನು ಬರೆದಿದ್ದು ನನಗೆ ಹೆಂಗೆ ಕಾಣುತ್ತೆ? ನಾನು ಎಲ್ಲಿ ಹುಡುಕ್ತಿದ್ದೀನಿ ಅಂತ ನೀನು ನೋಡಿದ್ರೆ ನೀನೂ ಅಲ್ಲೇ ಹುಡುಕ್ತೀಯ. ಆಮೇಲೆ ಇಬ್ಬರೂ ಕುರುಡರೇ. ಅದಕ್ಕೇ ಮುಚ್ಚಿದೆ."

ಆ ಮೇಲ್ ನನ್ನದೆಂದು ಆಗಲೇ ಹೇಳಬೇಕಿತ್ತು. ಹೇಳಲಿಲ್ಲ. ಅವರು ಆ ಸುಳ್ಳು ಹೆಸರಿನವನಿಗೆ ನನ್ನೆದುರೇ ಉತ್ತರ ಬರೆದರು. ನಿಮ್ಮ ದೂರು ನಿಜ, ತಪ್ಪು ನನ್ನದು, ಬಚ್ಚಿಟ್ಟಿರಲಿಲ್ಲ, ಆದರೆ ಅನುಮಾನಿಸುವ ಹಕ್ಕು ನಿಮಗಿದೆ, ವಂದನೆಗಳು. ತಿದ್ದುಪಡಿ ಬರೆದು ತಾವೇ ಸೇರಿಸಬಹುದಿತ್ತು, ಸೇರಿಸಲಿಲ್ಲ. ತನ್ನ ಪೇಪರನ್ನು ತಾನೇ ತಿದ್ದಿ ಅಂಕ ಹಾಕಿಕೊಳ್ಳುವುದು ಯಾವ ನ್ಯಾಯ ಎಂದು ಪೋಲೆಂಡಿನವರಿಗೆ ಕಳಿಸಿದರು. ಅವರು ನೋಡಿ ಒಪ್ಪಿದ್ದು ನಾಲ್ಕನೆಯ ದಿನ. ತಿದ್ದುಪಡಿಯ ಕೆಳಗೆ, ಬಗ್ ತೋರಿಸಿಕೊಟ್ಟವರು ಎಂಬಲ್ಲಿ ನನ್ನ ಹೆಸರಿತ್ತು, ನನ್ನ ನಿಜವಾದ ಹೆಸರು ಮಾತ್ರ, ಆ ಸುಳ್ಳು ಹೆಸರಿರಲಿಲ್ಲ. ಅದನ್ನು ಅಚ್ಚು ಹಾಕಿಸಿ ಮ್ಯಾನೇಜರಿಗೆ ತೋರಿಸಿದೆ. "ಇದನ್ನ ತಿದ್ದಿದವರು ನಿಮ್ಮ ಮನೆ ಮಾಲೀಕರಂತೆ?" ಎಂದು ಅವರು ಕೆಳಗಿನಿಂದ ಮೇಲಕ್ಕೆ ನೋಡಿದರು. ಒಪ್ಪಿದವರು ಪೋಲೆಂಡಿನವರು ಎಂದ ಮೇಲೆ ಹಾಳೆಯನ್ನು ಫೈಲಿಗೆ ಹಾಕಿಕೊಂಡರು. ಆಮೇಲೆ ಒಂದು ರಿಪೋರ್ಟೂ ಅರ್ಧಕ್ಕೆ ನಿಲ್ಲಲಿಲ್ಲ. ಕೆಲಸ ಖಾಯಂ ಆಯಿತು, ಫೋಟೋದ ಹುಡುಗ ಬೇರೆ ಯಾರನ್ನೋ ಮದುವೆಯಾದ.

ನಾನು ಆ ಕೋಣೆಯಲ್ಲಿ ಇನ್ನೂ ಮೂರು ವರ್ಷ ಇದ್ದೆ. ಆಂಟಿಯ ಹುಳಿ, ಅಂಕಲ್ಲಿನ ಭಾನುವಾರದ ಪಾಠ, ಎರಡನ್ನೂ ನಾಚಿಕೆಯಿಲ್ಲದೆ ಉಂಡೆ. ನಾನು ಫರೀದಾಬಾದಿಗೆ ಮನೆ ಬದಲಾಯಿಸಿದ ವರ್ಷ ಅಂಕಲ್ಲಿಗೆ ಶ್ವಾಸಕೋಶದ ಕಾಯಿಲೆ ಹಿಡಿಯಿತು. ನೋಡಲು ಹೋದಾಗ ದಿಂಬಿಗೆ ಒರಗಿ, ಆಸ್ಪತ್ರೆಯವರು ಕೊಟ್ಟ ಮಾತ್ರೆಯ ಹಾಳೆಯನ್ನು ಔಷಧಿ ಅಂಗಡಿಯವನು ಕಳಿಸಿದ್ದರ ಜೊತೆ ಒಂದೊಂದಾಗಿ ತಾಳೆ ನೋಡುತ್ತಿದ್ದರು. ಆಂಟಿ ಅಡುಗೆಮನೆಯಲ್ಲಿದ್ದರು.

"ಅಂಕಲ್, ಆ ಮೇಲ್ ಬರೆದದ್ದು ನಾನು," ಎಂದೆ.

"ಗೊತ್ತು," ಎಂದರು. ಉಸಿರು ಹಿಡಿದುಕೊಂಡು ನಿಧಾನವಾಗಿ ಮಾತಾಡಿದರು. "ಮೇಲ್ ಯಾವ ಲೈನಿಂದ ಹೊರಟಿತು ಅಂತ ಅದರ ತಲೆ ಮೇಲೇ ಬರೆದಿರುತ್ತೆ. ನಮ್ಮ ಮನೆ ಲೈನಿಂದಲೇ ಹೊರಟಿತ್ತು. ನೆಟ್‌ವರ್ಕ್ ಕೆಲಸ ಮಾಡೋಳು, ಹೆಸರು ಬದಲಾಯಿಸಿದೆ, ಲೈನ್ ಬದಲಾಯಿಸ್ಲಿಲ್ಲ. ಅದೊಂದೇ ನನಗೆ ಬೇಜಾರಾಗಿದ್ದು."

"ಅವತ್ತೇ ಯಾಕೆ ಕೇಳ್ಲಿಲ್ಲ?"

"ಕೇಳಿದ್ರೆ ನೀನು ಬಂದು ಕೂರ್ತಿದ್ಯಾ? ಅವತ್ತೇ ಗಂಟು ಕಟ್ಕೊಂಡು ಹೊರಡ್ತಿದ್ದೆ. ಬಗ್ ಹಂಗೇ ಉಳೀತಿತ್ತು, ನಿನ್ನ ಕೆಲಸಾನೂ ಹೋಗ್ತಿತ್ತು." ಸ್ವಲ್ಪ ಸುಧಾರಿಸಿಕೊಂಡು, ಅಡುಗೆಮನೆಯ ಕಡೆ ಕೈ ತೋರಿಸಿದರು. "ಅವಳಿಗೆ ಹೇಳ್ಬೇಡ. ನಾನಿರೋ ತನಕ ಬೇಡ. ನಿನಗೆ ಊಟ ಹಾಕೋದು ಬಿಟ್ಬಿಡ್ತಾಳೆ."

ಆ ಚಳಿಗಾಲ ಕಳೆಯುವ ಮೊದಲೇ ಅವರು ಹೋದರು. ಎದುರಿಗೆ ಬಂದವರನ್ನೆಲ್ಲ ತಡೆದು ವಿಚಾರಿಸುತ್ತಿದ್ದವರು, ಸಾಕ್ಷಿ ಸಮೇತ ಸಿಕ್ಕಿಬಿದ್ದ ನನ್ನೊಬ್ಬಳನ್ನು ಮಾತ್ರ ಟೀಗೆ ಕರೆದು ಕುರ್ಚಿ ಕೊಟ್ಟಿದ್ದರು. ಇಂದು ನಾನು ತಿನ್ನುವ ಅನ್ನ ಆ ಸಂಜೆಯದ್ದು. ವೈಕುಂಠ ಸಮಾರಾಧನೆಯ ದಿನ ಆಂಟಿ ನನ್ನ ಎಲೆಗೆ ತುಪ್ಪ ಬಡಿಸುತ್ತಾ ಕೇಳಿದರು, "ಅವತ್ತು ಇವರ ಮೇಲೆ ಹಾಗೆ ಬರೆದವನು ಯಾರು ಅಂತ ಇವರಿಗೆ ಗೊತ್ತಿತ್ತು ಅನ್ಸುತ್ತೆ ಕಣೇ. ಎಷ್ಟು ಕೇಳಿದ್ರೂ ಬಾಯಿ ಬಿಡ್ಲಿಲ್ಲ. ನಿನಗೇನಾದ್ರೂ ಹೇಳಿದ್ರಾ?"

"ಇಲ್ಲ ಆಂಟಿ," ಎಂದೆ.

ಅವರು ಈಗಲೂ ಪೀತಮ್‌ಪುರದಲ್ಲೇ ಇದ್ದಾರೆ. ಕನ್ನಡದಲ್ಲಿ ಅಚ್ಚಾದದ್ದು ಏನು ಕೈಗೆ ಸಿಕ್ಕರೂ ಒಂದಕ್ಷರ ಬಿಡದೆ ಓದುತ್ತಾರೆ, ಇದನ್ನೂ ಓದುತ್ತಾರೆ. ಅವತ್ತು ಹಾಗೆ ಬರೆದವಳು ನಾನು, ಆಂಟಿ.