ಕಮಲಕ್ಕ ಕೆರೆದ ಚೌಕ

ಗುಡ್ಡದ ಬುಡದಿಂದ ತುದಿಯವರೆಗೆ ಎಷ್ಟೆತ್ತರದಲ್ಲಿ ಯಾವ ಪಾಚಿ, ಯಾವ ಜರಿಗಿಡ ಉಂಟೆಂದು ನೋಡಿ ಬರೆದುಕೊಳ್ಳುವುದು ನನ್ನ ಕೆಲಸ. ಅದಕ್ಕೆಂದು ಬಂಡೆಗಳ ಮೇಲೆ ಬಿಳಿ ಪೇಂಟಿನಲ್ಲಿ ಚೌಕ ಬರೆದು ಬಂದಿದ್ದೆ. ತಿಂಗಳು ಬಿಟ್ಟು ಹೋದರೆ ನೀರು ಹರಿಯುವ ತೋಡಿನ ಬದಿಯ ಚೌಕದೊಳಗೆ ಪಾಚಿಯೇ ಇಲ್ಲ! ಗೆರೆಯಾಚೆ ಮಾತ್ರ ಎಲ್ಲ ಹಸುರು.

"ನಾನೇ ಕೆರೆದದ್ದು" ಎಂದರು ಕೆಳಗಿನ ಮನೆಯ ಕಮಲಕ್ಕ, ಹೆಮ್ಮೆಯಿಂದ. ಅವರು ಉದ್ಯೋಗ ಖಾತ್ರಿ ಕೆಲಸಕ್ಕೆ ಹೋಗುವವರು. "ಗುರುತು ಹಾಕಿದಷ್ಟು ಜಾಗ ಕ್ಲೀನ್ ಮಾಡುವುದಲ್ವಾ?"

"ನನಗೆ ಆ ಪಾಚಿಯೇ ಬೇಕಿತ್ತು ಕಮಲಕ್ಕ!" ನನ್ನ ಸ್ವರ ಸ್ವಲ್ಪ ಜೋರೇ ಆಯಿತು.

"ಪಾಚಿ ಎಂತಕ್ಕೆ ಮಾರಾಯ್ರೆ?" ಎಂದವರು ನನ್ನ ಮುಖ ನೋಡಿ ಮೆತ್ತಗಾದರು. "ಮಳೆಗೆ ಪುನಃ ಬರ್ತದೆ. ನಾನು ನೋಡಿಕೊಳ್ತೇನೆ."

ಆಟಿ ತಿಂಗಳ ಮಳೆಯಲ್ಲಿ ಅವರದೇ ಫೋನು: "ಬೇಗ ಬನ್ನಿ, ಬಂದಿದೆ!"

ಓಡಿದೆ. ಕೆರೆದ ಚೌಕದೊಳಗೆ ತೆಳ್ಳಗೆ ಹಸುರು ಹಿಡಿದಿತ್ತು. ಬೋಳು ಬಂಡೆಯಲ್ಲಿ ಮೊದಲು ಎಂತ ಹುಟ್ಟುತ್ತದೆಂದು ಪುಸ್ತಕದಲ್ಲಿ ಓದಿದ್ದೆ, ಕಣ್ಣಾರೆ ಕಂಡದ್ದು ಆವತ್ತೇ. ಪಕ್ಕದ ಬಂಡೆಯಲ್ಲಿ ಹೊಸದಾಗಿ ಸುಣ್ಣದಿಂದ ಬರೆದ ಇನ್ನೊಂದು ಚೌಕವಿತ್ತು. ಅದರೊಳಗಿನ ಪಾಚಿಯನ್ನು ಯಾರೂ ಮುಟ್ಟಿರಲಿಲ್ಲ.

"ಕೆರೆದದ್ದರ ಬದಲಿಗೆ ಇದು ನಿಮಗೆ" ಎಂದರು ಕಮಲಕ್ಕ.

ಅವರ ಗೆರೆ ನನ್ನದಕ್ಕಿಂತ ನೆಟ್ಟಗಿತ್ತು.